ಎದುರುಮನೆಯಮ್ಮನ ಕೊನೆಯ ಕಂತು

ಹುಳ ಹಿಡಿಯದಿರಲೆಂದು ಮೈದಾ ಗೋಂದಿಗೆ ಮೈಲುತುತ್ತ ಬೆರೆಸಿ ಕುದಿಸಿದಾಗ ಬರುವ ವಾಸನೆಯನ್ನು ಒಳ್ಳೆಯದು ಎನ್ನುವಂತಿಲ್ಲ, ಕೆಟ್ಟದ್ದು ಎನ್ನುವಂತೆಯೂ ಇಲ್ಲ. ಹಸಿ ಹಿಟ್ಟು, ತುಕ್ಕು, ಒದ್ದೆ ರಟ್ಟು ಮೂರೂ ಸೇರಿದ ಹಾಗಿರುತ್ತದೆ. ಹೋದ ವಾರ ಬಂಗಾರಪೇಟೆಯಲ್ಲಿ, ನಾನು ಪಾಠ ಮಾಡುವ ಕಾಲೇಜಿನ ಗ್ರಂಥಾಲಯದ ಮೆಟ್ಟಿಲು ಹತ್ತುವಾಗ ಆ ವಾಸನೆ ಮೂಗಿಗೆ ಬಡಿಯಿತು. ಯಾರೋ ದಾನ ಕೊಟ್ಟ ಹಳೆಯ ವಾರಪತ್ರಿಕೆಗಳಿಗೆ ರಟ್ಟು ಹಾಕಲು ಒಬ್ಬರು ಬಂದು ವರಾಂಡದಲ್ಲಿ ಕೂತಿದ್ದರು. ನಾನು ಅಲ್ಲೇ ನಿಂತೆ. ಆಂಡರ್ಸನ್‌ಪೇಟೆಯ ಒಂದು ಜಗಲಿ, ಅದರ ಮೇಲೆ ಕಾಲು ಚಾಚಿ ಕೂತು ದಬ್ಬಳದಲ್ಲಿ ಕಾಗದ ಹೊಲಿಯುತ್ತಿದ್ದ ನಮ್ಮ ಎದುರುಮನೆಯಮ್ಮ...

ಜಗಲಿಗೆ ಕೆಂಪು ಗಾರೆ ಇತ್ತೆಂದು ನನ್ನ ನೆನಪು. ನನ್ನ ಹೆಂಡತಿ ಬರೀ ಸಿಮೆಂಟು ಎನ್ನುತ್ತಾಳೆ. ಇಷ್ಟು ಸಣ್ಣದರಲ್ಲೇ ಹೀಗಾದರೆ ಉಳಿದದ್ದನ್ನು ಎಷ್ಟು ನಂಬಬಹುದು ಎಂದು ಯೋಚಿಸಿದ್ದೇನೆ. ಆದರೂ ಬರೆಯುತ್ತಿದ್ದೇನೆ.

ಮದುವೆಯಾದ ಹೊಸದರಲ್ಲಿ ನಾವು ಆ ಬೀದಿಗೆ ಬಂದೆವು. ಸಾಮಾನಿನಲ್ಲಿ ಹೆಚ್ಚಿನದು ಪುಸ್ತಕದ ಪೆಟ್ಟಿಗೆಗಳೇ. ಎತ್ತಿ ಇಳಿಸುತ್ತಿದ್ದ ಆಟೋದವನು, "ಎನ್ನಾ ಸಾರ್, ಮೈನ್ಸ್ ಮಣ್ಣು ತುಂಬ್ಕೊಂಡು ಬಂದಿದೀರಾ? ಪೊಲೀಸ್ನೋರು ನನ್ ಆಟೋ ಇಡ್ಕೊಂಡು ಓಗ್ತಾರೆ ನೋಡಿ," ಎಂದ. ಚಿನ್ನದ ಗಣಿ ಮುಚ್ಚಿ ಎಷ್ಟೋ ಕಾಲವಾಗಿದ್ದರೂ ಆ ಊರಿನಲ್ಲಿ ಭಾರವಾದ ಪೆಟ್ಟಿಗೆ ಕಂಡರೆ ಎಲ್ಲರಿಗೂ ಕದ್ದ ಅದಿರಿನದೇ ಯೋಚನೆ. ಬೀದಿಯ ಕಿಟಕಿಗಳು ಒಂದೊಂದಾಗಿ ತೆರೆದುಕೊಂಡವು. ಎದುರುಮನೆಯಮ್ಮ ಮಾತ್ರ ಕಿಟಕಿಯ ಗೊಡವೆಗೆ ಹೋಗದೆ ನೇರವಾಗಿ ನಮ್ಮ ಬಾಗಿಲಿಗೇ ಬಂದರು. ದಾರ ಕಟ್ಟಿ ಕೊರಳಿಗೆ ಇಳಿಬಿಟ್ಟ ದಪ್ಪ ಕನ್ನಡಕ. ಅದನ್ನು ಏರಿಸಿಕೊಂಡು ಪೆಟ್ಟಿಗೆಯೊಳಗೆ ಬಗ್ಗಿ ನೋಡಿದರು.

"ಪುಸ್ತಕನಾ? ಕಥೆ ಪುಸ್ತಕ ಐತಾ?"

ಕಥೆಯದಲ್ಲ, ವಿಮರ್ಶೆ, ಎಂದೆ.

"ಕಥೆ ಇಲ್ದಿರೋ ಪುಸ್ತಕ ಇಷ್ಟೊಂದಾ?" ಎಂದು ನನ್ನ ಹೆಂಡತಿಯ ಕಡೆ ತಿರುಗಿದರು. "ಅಯ್ಯೋ ಪಾಪ. ಯಾವೂರಮ್ಮ ನಿಂದು?"

ಬೂದಿಕೋಟೆ ಎಂದಳು. ಅಲ್ಲಿಂದ ಶುರುವಾದದ್ದು ನಿಲ್ಲಲೇ ಇಲ್ಲ. ಯಾರ ಮಗಳು, ಎಷ್ಟು ಹಸು, ಎಲ್ಲಿವರೆಗೆ ಓದಿದ್ದೀಯ, ಯಾಕೆ ನಿಲ್ಲಿಸಿದೆ. ಆಮೇಲೆ ದಿನಾ ಏನಾದರೊಂದು ನೆಪ ಇರುತ್ತಿತ್ತು. ಒಂದು ದಿನ ಹುರುಳಿ ಸಾರು, ಒಂದು ದಿನ ಅವರೆಕಾಳು, ಮತ್ತೊಂದು ದಿನ ಗಾಳಿಗೆ ಹಾರಿಬಂದ, ಗಣಿಯ ಕಸ ಸುರಿದ ಸೈನೈಡ್ ದಿಬ್ಬದ ಬಿಳಿ ದೂಳು ನಮ್ಮ ಒಣಬಟ್ಟೆಗೆ ಬೀಳುತ್ತದೆ ಎಂಬ ಎಚ್ಚರಿಕೆ. ನಾನು ಬಂಗಾರಪೇಟೆಯ ರೈಲಿಗೆ ಹೊರಟ ಮೇಲೆ ಅವರು ಬಂದು, ನಾನು ವಾಪಸ್ಸು ಬರುವುದರೊಳಗೆ ಹೋಗಿರುತ್ತಿದ್ದರು. ನಮ್ಮ ಮನೆಯ ಸಂಗತಿಗಳು ನನಗಿಂತ ಮೊದಲು ಅವರಿಗೆ ಗೊತ್ತಿರುತ್ತಿದ್ದವು. ಗಂಡ ಸತ್ತ ಹೆಂಗಸು, ನರ್ಸ್ ಕೆಲಸದ ಮಗಳು ಹಗಲೆಲ್ಲ ಆಸ್ಪತ್ರೆಯಲ್ಲಿ, ಹೊತ್ತು ಹೋಗಬೇಕಲ್ಲ ಎಂದು ಹೆಂಡತಿ ಹೇಳಿದಳು. ನನಗೆ ಅಷ್ಟು ಸರಳವಾಗಿ ಕಾಣಲಿಲ್ಲ. ಯಾರೂ ಸುಮ್ಮನೆ ಹುರುಳಿ ಸಾರು ಕೊಡುವುದಿಲ್ಲ ಎಂಬುದು ಆಗ ನನ್ನ ಸಿದ್ಧಾಂತ.

ಒಂದು ಸಂಜೆ ಹೆಂಡತಿಯ ಕೈಯಲ್ಲಿ ವಿಚಿತ್ರ ಪುಸ್ತಕವೊಂದನ್ನು ಕಂಡೆ. ವಾರಪತ್ರಿಕೆಯ ಧಾರಾವಾಹಿಯನ್ನು ವಾರವಾರವೂ ಕತ್ತರಿಸಿ, ಜೋಡಿಸಿ, ಗೋಣಿ ದಾರದಲ್ಲಿ ಹೊಲಿದು, ಮೇಲೆ ಹಳೆಯ ಕ್ಯಾಲೆಂಡರಿನ ಲಕ್ಷ್ಮಿಯನ್ನು ಮೈಲುತುತ್ತದ ಗೋಂದಿನಲ್ಲಿ ಅಂಟಿಸಿದ್ದು. ಎದುರುಮನೆಯಲ್ಲಿ ಇಂಥವು ಟ್ರಂಕಿನ ತುಂಬ ಇದ್ದವಂತೆ. ಬೀದಿಯ ಹೆಂಗಸರಿಗೆಲ್ಲ ಅದೇ ಗ್ರಂಥಾಲಯ. ಹಾಳೆ ತಿರುವಿದರೆ ಹಿಂಬದಿಯಲ್ಲಿ ಅರ್ಧ ವಾರಭವಿಷ್ಯ, ಅರ್ಧ ಕೂದಲೆಣ್ಣೆಯ ಜಾಹೀರಾತು. ಒಂದು ಕಂತಿನ ಚಿತ್ರ ಮಾತ್ರ ಇನ್ನೂ ಕಣ್ಣಿಗೆ ಕಟ್ಟಿದಂತಿದೆ: ಬಸ್ಸಿನ ಪಕ್ಕ ಕೊಡೆ ಹಿಡಿದು ನಿಂತ ಹೆಣ್ಣು. ನಾನು ನಕ್ಕೆ. ವಿಶ್ವವಿದ್ಯಾಲಯದಲ್ಲಿ ಇಂಥವುಗಳನ್ನು ನೋಡಿ ಹೇಗೆ ನಗಬೇಕೆಂದು ನಮಗೆ ಚೆನ್ನಾಗಿ ಕಲಿಸಿದ್ದರು. ಅವಳು ನಗಲಿಲ್ಲ.

ಎದುರುಮನೆಯಮ್ಮನದು ಒಂದು ಕಟ್ಟಳೆ ಇತ್ತು. ಯಾವ ಕಥೆಗೂ ಅವರು ಕೊನೆಯ ಕಂತನ್ನು ಹೊಲಿಯುತ್ತಿರಲಿಲ್ಲ. ಅದು ಬಿಡಿಯಾಗಿ, ಪ್ಲಾಸ್ಟಿಕ್ ಕವರಿನಲ್ಲಿ, ಅವರ ಅಕ್ಕಿ ಡಬ್ಬದ ಹಿಂದೆ ಇರುತ್ತಿತ್ತು. ಪುಸ್ತಕ ಓದಿ ಮುಗಿಸಿದವರು ವಾಪಸ್ಸು ತಂದುಕೊಟ್ಟು, ಅವರ ಮನೆಯಲ್ಲೇ ಕೂರಬೇಕು. ಕೊನೆಯ ಕಂತನ್ನು ಅವರೇ ಓದಿ ಹೇಳುತ್ತಿದ್ದರು, ಹಾಳೆ ಯಾರ ಕೈಗೂ ಕೊಡುತ್ತಿರಲಿಲ್ಲ. ಕೊಟ್ಟ ಪುಸ್ತಕ ಮರಳಿ ಬರಲೆಂದು ಹೂಡಿದ ಉಪಾಯ ಎಂದು ಎಲ್ಲರೂ ತಿಳಿದಿದ್ದರು. ನನಗಂತೂ ಮನೆಮನೆಯ ಗುಟ್ಟು ಎಳೆಯುವ ಗಾಳದ ಹಾಗೆ ಕಂಡಿತು.

ಹೆಂಡತಿ ಆ ಪುಸ್ತಕ ಮುಗಿಸಿ, ಕೊನೆಯ ಕಂತು ಕೇಳಿಕೊಂಡು ಬಂದ ದಿನ ಮಾತು ಕಡಿಮೆ ಆಡಿದಳು. ಮಾರನೆಯ ದಿನ, ನಿಂತುಹೋಗಿದ್ದ ಓದು ಮುಂದುವರಿಸಿ ಬಿ.ಎಡ್. ಮಾಡುತ್ತೇನೆ, ತೌರಿನಲ್ಲಿದ್ದು ಅಲ್ಲಿಂದಲೇ ಓಡಾಡುತ್ತೇನೆ ಎಂದಳು. ನಾನು ಬೇಡ ಎನ್ನಲಿಲ್ಲ. ಪ್ರಶ್ನೆ ಕೇಳಿದೆ. ಈ ಯೋಚನೆ ಯಾವಾಗ ಬಂತು, ಯಾರು ಹೇಳಿಕೊಟ್ಟರು, ಜೊತೆಗೆ ಯಾರು ಬರುತ್ತಾರೆ, ನನಗೇಕೆ ಮೊದಲೇ ಹೇಳಲಿಲ್ಲ. ಪ್ರಶ್ನೆ ಕೇಳುವುದು ತಪ್ಪೇ ಎಂದೂ ಕೇಳಿದೆ. ಹೀಗೇ ಕೆಲವು ದಿನ ನಡೆಯಿತು. ಕೊನೆಗೊಂದು ಸಂಜೆ ಕಾಲೇಜಿನಿಂದ ಬಂದರೆ ಮನೆಗೆ ಬೀಗ. ಬೀಗದ ಕೈ ಎದುರುಮನೆಯಲ್ಲಿತ್ತು.

"ಬೂದಿಕೋಟೆ ಬಸ್ಸಿಗೆ ಓದ್ಲು. ಊಟ ಮಾಡಿಟ್ಟವಳೆ, ಬಿಸಿ ಮಾಡ್ಕೊಬೇಕಂತೆ," ಎಂದರು ಎದುರುಮನೆಯಮ್ಮ. "ಅಪ್ಪನ ಮನೆಯಿಂದ ಬತ್ತಾಳೋ ಇಲ್ವೋ ನಂಗೊತ್ತಿಲ್ಲ. ನನ್ನ ಕೇಳ್ಬೇಡಿ."

"ಅವಳಿಗೆ ಏನು ಓದಿ ಹೇಳಿದ್ರಿ ನೀವು?"

"ಕಥೆ."

"ಕೊನೇಲಿ ಏನಾಗುತ್ತೆ ಅದರಲ್ಲಿ?"

"ಅಂಗೆಲ್ಲ ಏಳಕ್ಕಾಗಲ್ಲ ಮೇಷ್ಟ್ರೇ. ಪುಸ್ತಕ ತಗೊಂಡೋಗಿ ಓದಿ, ವಾಪಸ್ ತಂದ್ಕೊಡಿ, ಆಮ್ಯಾಕೆ ಕೊನೆ ಕಂತು. ನಿಮ್ಮೆಂಡ್ರಿಗೂ ಅದೇ ಕಾನೂನು, ನಿಮ್ಗೂ ಅದೇ."

"ಅಂಥ ಕಸ ನಾನು ಓದಲ್ಲ."

ಅವರಿಗೆ ಸಿಟ್ಟು ಬಂದಂತೆ ಕಾಣಲಿಲ್ಲ. ದಬ್ಬಳಕ್ಕೆ ದಾರ ಪೋಣಿಸುತ್ತಲೇ ಕೇಳಿದರು. "ಕಸ ಅಂತ ಓದಿ ಏಳ್ತಿದೀರಾ, ಓದ್ದೆ ಏಳ್ತಿದೀರಾ?"

ನಾನು ಬೀಗದ ಕೈ ಜೇಬಿಗೆ ಹಾಕಿಕೊಂಡೆ. ಅವರೇ ಮುಂದುವರಿಸಿದರು. ಇದನ್ನು ಅವರು ಒಂದೇ ಉಸಿರಿಗೆ ಹೇಳಿದರೋ, ಬೇರೆ ಬೇರೆ ದಿನ ಹೇಳಿದ್ದನ್ನು ನಾನೇ ಸೇರಿಸಿಕೊಂಡಿದ್ದೇನೋ ಗೊತ್ತಿಲ್ಲ.

"ನಮ್ಮನೆಯೋರು ಮೈನ್ಸ್‌ಗೆ ಇಳಿಯೋರು. ಕೆಳಗೆ ಬಂಡೆ ಸಿಡಿದ್ರೆ ಇಲ್ಲಿ ಅಟ್ಟದ ಮ್ಯಾಲಿನ ಪಾತ್ರೆ ಗಡಗಡ ಅನ್ನೋವು. ಯಾರ್ ಮನೆಯೋರಿಗೆ ಏನಾಯ್ತೋ ಅಂತ ಬೀದಿಯೆಲ್ಲ ಬಾಗಿಲಾಗೆ ನಿಂತಿರ್ತಿದ್ವಿ. ಅವಾಗ ನಾನು ಇದ್ನ ಓದ್ತಿದ್ದೆ. ಕೆಳಗಡೆ ಬರ್ದಿರ್ತಾರಲ್ಲ, ಮುಂದಿನ ವಾರಕ್ಕೆ ಅಂತ? ಮುಂದಿನ ವಾರ ಐತೆ ಅಂತ ಯಾರಾದ್ರೂ ಒಬ್ರು ಬರ್ದು ಕೊಡ್ಬೇಕಲ್ಲ ಮೇಷ್ಟ್ರೇ. ನಿಮ್ ಪುಸ್ತಕ್ದಾಗೆ ಅಂಗೆ ಬರ್ದಿರ್ತಾರಾ?"

ಇಲ್ಲ ಎಂದೆ.

"ಮತ್ತೆ ಅದ್ಯಾಕ್ ಅಷ್ಟೊಂದು ಒತ್ಕೊಂಡು ಬಂದ್ರಿ?"

ಪುಸ್ತಕ ತೆಗೆದುಕೊಂಡೆ. ಸತ್ಯ ತಿಳಿಯಲು ಸಾಕ್ಷ್ಯ ಬೇಕಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಬೆಳಿಗ್ಗೆ ರೈಲಿನಲ್ಲಿ, ದಪ್ಪನೆಯ ವಿಮರ್ಶಾ ಗ್ರಂಥವೊಂದರ ನಡುವೆ ಇಟ್ಟುಕೊಂಡು ಓದಲು ತೊಡಗಿದೆ. ಲಕ್ಷ್ಮಿಯ ಕಿರೀಟ ಮಾತ್ರ ಮೇಲೆ ಇಣುಕುತ್ತಿತ್ತು. ಭಾಷೆ ಸಪ್ಪೆ, ಪಾತ್ರಗಳು ಒರಟು, ಪ್ರತಿ ಕಂತಿನ ಕೊನೆಗೂ ಒಂದು ಬಾಗಿಲು ತಟ್ಟುವ ಸದ್ದು. ಕಥೆಯಲ್ಲಿ ಒಬ್ಬ ಗಂಡ, ಹೆಂಡತಿಯ ಬಸ್ ಟಿಕೇಟನ್ನೂ ಬಿಡಿಸಿ ನೋಡುವ ಅನುಮಾನದವನು. ಟ್ರಂಕಿನ ತುಂಬ ಕಥೆಗಳಿರುವಾಗ ಇದನ್ನೇ ಯಾಕೆ ಆರಿಸಿ ನನ್ನ ಹೆಂಡತಿಗೆ ಕೊಟ್ಟರು? ಅದೂ ಒಂದು ಅನುಮಾನವಾಯಿತು. ಆದರೆ ಬಂಗಾರಪೇಟೆಯಲ್ಲಿ ಇಳಿಯುವುದನ್ನು ಮರೆತು ಟೇಕಲ್‌ವರೆಗೂ ಹೋಗಿದ್ದೆ ಎಂಬುದನ್ನು ನಾನು ಯಾರಿಗೂ ಹೇಳಿಲ್ಲ. ಆ ಹೆಣ್ಣು ಕೊಡೆ ಹಿಡಿದು ಬಸ್ಸಿನ ಪಕ್ಕ ನಿಲ್ಲುತ್ತಾಳೆ. ಹತ್ತುತ್ತಾಳೋ ಇಲ್ಲವೋ ಎನ್ನುವಲ್ಲಿಗೆ ಹೊಲಿಗೆ ಮುಗಿದಿತ್ತು.

ಅಂದು ಸಂಜೆ ರೈಲಿಳಿದವನು ಮನೆಗೂ ಹೋಗದೆ ಅವರ ಬಾಗಿಲಿಗೆ ಹೋದೆ. ಪುಸ್ತಕ ಕೊಟ್ಟೆ. ಅವರು ಕೈ ತೊಳೆದುಕೊಂಡು ಬಂದು, ಅಕ್ಕಿ ಡಬ್ಬದ ಹಿಂದಿನಿಂದ ಕವರು ತೆಗೆದು, ಹಾಳೆಗಳನ್ನು ಮುಖದ ಮುಂದೆ ಹಿಡಿದು ಓದಿದರು. ನಿಧಾನವಾಗಿ, ಒಂದೇ ರಾಗದಲ್ಲಿ. ಅವಳು ಬಸ್ಸು ಹತ್ತಿ ತೌರಿಗೆ ಹೋಗುತ್ತಾಳೆ. ಗಂಡ ಮುಂದಿನ ಬಸ್ಸಿಗೆ ಹೋಗುತ್ತಾನೆ. ಯಾಕೆ ಬಂದೆ, ಯಾರು ಕಳಿಸಿದರು ಎಂದು ಒಂದನ್ನೂ ಕೇಳುವುದಿಲ್ಲ. ಜಗಲಿಯ ಮೇಲೆ ಕೂತು ಕೊಟ್ಟ ಮಜ್ಜಿಗೆ ಕುಡಿಯುತ್ತಾನೆ. ವಾರಕ್ಕೊಮ್ಮೆ ಬಂದು ಹೋಗುತ್ತೇನೆ, ನಿನ್ನ ಕೆಲಸ ಮುಗಿಸಿಕೊಂಡು ಬಾ ಎನ್ನುತ್ತಾನೆ. ಮುಕ್ತಾಯ.

"ಯಾವ ಗಂಡ ಹೀಗೆ ಮಾಡ್ತಾನಮ್ಮ?" ಎಂದೆ.

"ಕಥೇಲಿ ಮಾಡ್ತಾನೆ," ಎಂದರು ಹಾಳೆ ಮಡಿಚುತ್ತ. "ಇನ್ನೆಲ್ಲಿ ಮಾಡ್ತಾನೆ?"

ಭಾನುವಾರ ಬೂದಿಕೋಟೆ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಕೇಳಬೇಕೆಂದುಕೊಂಡ ಪ್ರಶ್ನೆಗಳು ನಾಲಿಗೆಯ ತುದಿಯಲ್ಲಿದ್ದವು. ಅವಳು ಹೊರಗೆ ಬಂದು ಬಾಗಿಲ ಚೌಕಟ್ಟು ಹಿಡಿದು ನಿಂತಳು, ಕೇಳಲಿ ಎಂದು ಕಾಯುತ್ತಿರುವವಳ ಹಾಗೆ. ನಾನು ಕೇಳಲಿಲ್ಲ. ಅತ್ತೆ ಕೊಟ್ಟ ಮಜ್ಜಿಗೆ ಕುಡಿದು, ಮುಂದಿನ ವಾರ ಬರ್ತೀನಿ ಎಂದಷ್ಟೇ ಹೇಳಿ ಎದ್ದೆ. ಓದು ಮುಗಿಯುವವರೆಗೂ ಹಾಗೇ ನಡೆಯಿತು. ಈಗ ಬೇತಮಂಗಲದ ಹತ್ತಿರದ ಶಾಲೆಯೊಂದರಲ್ಲಿ ಅವಳು ಮೇಡಂ.

ಎದುರುಮನೆಯಮ್ಮ ಮಗಳಿಗೆ ಹೊಸೂರಿನಲ್ಲಿ ಕೆಲಸ ಸಿಕ್ಕಾಗ ಅವಳ ಜೊತೆ ಹೊರಟುಹೋದರು. ಟ್ರಂಕು ಟೆಂಪೊ ಹತ್ತುವುದನ್ನು ಬೀದಿಯೆಲ್ಲ ನಿಂತು ನೋಡಿತು. ಕೆಲವು ವರ್ಷದ ನಂತರ, ಅವರು ತೀರಿಕೊಂಡರೆಂದು ಸುದ್ದಿ ಬಂತು. ಅದೂ ತಡವಾಗಿ, ಯಾರದೋ ಬಾಯಿಂದ. ಆ ಸಂಜೆ ನಾವಿಬ್ಬರೂ ಅವರ ಬಗ್ಗೆ ಮಾತಾಡುತ್ತ ಕೂತಿದ್ದಾಗ, ಕಥೆಯ ಗಂಡನ ಹಾಗೆ ನಾನೂ ಅಂದು ಸುಮ್ಮನೆ ಮಜ್ಜಿಗೆ ಕುಡಿದೆ ಎಂದು ನಗುತ್ತ ಹೇಳಿದೆ.

"ಯಾವ ಗಂಡ?" ಎಂದಳು. "ಕೊನೆ ಕಂತಲ್ಲಿ ಗಂಡ ಬರೋದೇ ಇಲ್ಲ. ಅವಳು ಬಸ್ಸು ಹತ್ತಿ, ಹಿಂದಕ್ಕೆ ತಿರುಗಿ ನೋಡದೆ ಹೋಗ್ತಾಳೆ. ಓದಿ ಟೀಚರ್ ಆಗ್ತಾಳೆ."

ನಿನಗೆ ಮರೆತಿದೆ ಎಂದೆ. ನಿಮಗೇ ಮರೆತಿದೆ ಎಂದಳು. ನೆನಪು ಹೇಗೆ ಮೋಸ ಮಾಡುತ್ತದೆಂದು ನಾನು ವಿವರಿಸಲು ಹೊರಟೆ. ಅವಳು ತಡೆದಳು.

"ನಿಮಗೆ ಓದುವಾಗ ಅವರು ಕನ್ನಡಕ ಹಾಕ್ಕೊಂಡಿದ್ರಾ?"

ನೆನಪಿಗೆ ಬರಲಿಲ್ಲ. ಅದನ್ನು ನಾನು ಗಮನಿಸಿಯೇ ಇರಲಿಲ್ಲ.

"ನನಗೆ ಓದುವಾಗ ಹಾಕ್ಕೊಂಡಿರ್ಲಿಲ್ಲ. ದಾರ ಸಮೇತ ತೆಗೆದು ಕಿಟಕಿ ಮೇಲಿಟ್ಟಿದ್ರು. ಅದಿಲ್ದೆ ಅಕ್ಷರ ಇರ್ಲಿ, ಬೀದೀಲಿ ಬರೋರು ಯಾರು ಅಂತಾನೂ ಅವರಿಗೆ ಗೊತ್ತಾಗ್ತಿರ್ಲಿಲ್ಲ. ನಾನು ನೋಡ್ತಾನೇ ಇದ್ದೆ. ಗೊತ್ತಿದ್ದೂ ಕೇಳಿಸ್ಕೊಂಡೆ."

ಹುರುಳಿ ಸಾರನ್ನೂ ಬಿಡದೆ ಅನುಮಾನಿಸಿದವನು ನಾನು. ಅನುಮಾನಿಸಬೇಕಾದ ಒಂದೇ ಒಂದು ಜಾಗದಲ್ಲಿ ಬಾಯಿ ಬಿಟ್ಟುಕೊಂಡು ಕೂತಿದ್ದೆ.

ಹೀಗಾಗಿ ಹೋದ ವಾರ ಆ ವಾಸನೆ ನನ್ನನ್ನು ವರಾಂಡದಲ್ಲಿ ನಿಲ್ಲಿಸಿದಾಗ ಮನೆಗೆ ಫೋನ್ ಮಾಡಿ, ಹಳೇ ವಾರಪತ್ರಿಕೆಗಳ ರಾಶಿ ಬಂದಿದೆ, ಅದರಲ್ಲಿ ಹುಡುಕುತ್ತೇನೆ ಎಂದು ಹೆಂಡತಿಗೆ ಹೇಳಿದೆ. ನಿಮ್ಮಿಷ್ಟ ಎಂದಳು. ನೆಲದ ಮೇಲೆ ಕೂತು ಒಂದೊಂದೇ ಕಟ್ಟು ಬಿಚ್ಚಿದೆ. ಮಧ್ಯಾಹ್ನದ ಪಾಠ ತಪ್ಪಿತು. ಕೊನೆಗೆ ಬಸ್ಸಿನ ಪಕ್ಕದ ಕೊಡೆ ಕಾಣಿಸಿತು. ಹಾಳೆ ತಿರುವಿದೆ, ಅದೇ ಕೂದಲೆಣ್ಣೆ. ಅನುಮಾನವೇ ಇಲ್ಲ. ಮುಂದಿನ ವಾರದ ಸಂಚಿಕೆ ಅದರ ಕೆಳಗೇ ಇತ್ತು.

ಅವಳು ಬಸ್ಸು ಹತ್ತುವುದೇ ಇಲ್ಲ. ನಿಲ್ದಾಣದಿಂದ ಕೆರೆಯ ಕಡೆ ನಡೆಯುತ್ತಾಳೆ. ಮರುದಿನ ದಡದಲ್ಲಿ ಕೊಡೆ ಸಿಗುತ್ತದೆ. ಗಂಡ ಎದೆ ಬಡಿದುಕೊಂಡು ಅಳುತ್ತಾನೆ. ಅನುಮಾನ ಸಂಸಾರವನ್ನು ಸುಡುತ್ತದೆ ಎಂಬ ಅರ್ಥದ ಒಂದು ಉಪದೇಶ. ಮುಕ್ತಾಯ.

ಇನ್ನೊಮ್ಮೆ ಓದಿದೆ. ಪಾತ್ರೆ ಗಡಗಡ ಎನ್ನುತ್ತಿದ್ದ ಆ ಮನೆಯಲ್ಲಿ, ಕನ್ನಡಕ ಹಾಕಿಕೊಂಡೇ ಇದನ್ನು ಒಮ್ಮೆ ಓದಿರಬೇಕು ಅವರು. ಕತ್ತರಿಸಿ, ಮಡಿಚಿ, ಅಕ್ಕಿ ಡಬ್ಬದ ಹಿಂದೆ ಇಟ್ಟುಬಿಟ್ಟಿರಬೇಕು. ಬೀದಿಯ ಬೇರೆ ಹೆಂಗಸರಿಗೆ ಏನೇನು ಓದಿ ಹೇಳಿದರೋ... ಕೇಳೋಣವೆಂದರೆ ಅವರೇ ಇಲ್ಲ. ನಾವಿನ್ನೂ ಅದೇ ಬೀದಿಯಲ್ಲಿದ್ದೇವೆ, ಎದುರುಮನೆಯ ಜಗಲಿಯನ್ನು ಒಡೆದು ಈಗ ಕಬ್ಬಿಣದ ಗೇಟು ಹಾಕಿದ್ದಾರೆ. ಒಳಗಿರುವವರು ಯಾರೆಂದು ನನಗೆ ತಿಳಿಯದು. ಅವರೂ ನಮ್ಮನ್ನು ಏನೂ ಕೇಳಿಲ್ಲ.

ಸಂಚಿಕೆಯನ್ನು ಬೈಂಡಿಂಗಿನವರ ಕೈಗೆ ಕೊಟ್ಟು, ಅವರು ಅದನ್ನು ಹೊಲಿಯುವುದನ್ನು ನೋಡಿ, ಸಂಜೆಯ ರೈಲಿಗೆ ಮನೆಗೆ ಬಂದೆ.

"ಸಿಕ್ತಾ?" ಎಂದಳು ಹೆಂಡತಿ.

"ಉಳಿದಿದ್ದೆಲ್ಲ ಇದೆ. ಕೊನೆ ಕಂತು ಮಾತ್ರ ಯಾರೋ ಕತ್ತರಿಸ್ಕೊಂಡಿದ್ದಾರೆ," ಎಂದೆ.

ಅವಳು ನನ್ನ ಮುಖವನ್ನೇ ನೋಡಿದಳು. ಯಾರು ಕತ್ತರಿಸಿದರು, ಯಾವ ವಾರದ್ದು, ಸರಿಯಾಗಿ ಹುಡುಕಿದಿರಾ, ಏನೊಂದನ್ನೂ ಕೇಳಲಿಲ್ಲ. ಒಳಗೆ ಹೋಗಿ ಮಜ್ಜಿಗೆ ತಂದುಕೊಟ್ಟಳು.