ನಾಯಿ ಸತ್ತ ಭಾನುವಾರದ ನಂತರ

ಮದುವೆಯಾಗಿ ತಿ. ನರಸೀಪುರಕ್ಕೆ ಬಂದಾಗ ಈ ಮನೆಯ ಹಿತ್ತಲಲ್ಲಿ ಒಂದು ಪ್ರಾಣಿಯೂ ಇರಲಿಲ್ಲ. ನಾನು ಹುಟ್ಟಿ ಬೆಳೆದದ್ದು ನಂಜನಗೂಡಿನಲ್ಲಿ. ಬೆಕ್ಕಿಲ್ಲದ ಅಡುಗೆಮನೆ, ನಾಯಿಯಿಲ್ಲದ ಜಗಲಿ ಹೇಗಿರುತ್ತವೆ ಎಂದು ನನಗೆ ಗೊತ್ತೇ ಇರಲಿಲ್ಲ. ಇಲ್ಲಿ ಐದು ತೆಂಗಿನ ಮರ, ಒಂದು ಸೀಬೆ, ನಾಲ್ಕು ಬುಡ ಬಾಳೆ, ಕನಕಾಂಬರದ ಪಾತಿ, ಮೂಲೆಯಲ್ಲಿ ಪಂಪಿನ ಶೆಡ್ಡು ಎಲ್ಲ ಇದ್ದೂ ಹಿತ್ತಲು ಬಣಗುಟ್ಟುತ್ತಿತ್ತು. ಅದಕ್ಕೆ ಕಾರಣ ನನ್ನ ಗಂಡನ ಅಕ್ಕ. ನಾನು ಅವರನ್ನು ಅತ್ತಿಗೆ ಎನ್ನುತ್ತಿದ್ದೆ.

ಅತ್ತಿಗೆ ಮದುವೆಯಾದ ಎರಡೇ ವರ್ಷಕ್ಕೆ ಗಂಡನನ್ನು ಕಳೆದುಕೊಂಡು ತವರಿಗೆ ಬಂದವರು. ತಾಯಿಯಿಲ್ಲದ ನನ್ನ ಗಂಡನನ್ನು ಎತ್ತಿ ಆಡಿಸಿ ದೊಡ್ಡವನನ್ನಾಗಿ ಮಾಡಿದವರು. ಬೆಳಗ್ಗೆ ಸ್ನಾನ ಮಾಡಿ ಲಿಂಗಪೂಜೆ ಮುಗಿಸದೆ ಬಾಯಿಗೆ ನೀರು ಹಾಕಿಕೊಳ್ಳುತ್ತಿರಲಿಲ್ಲ. ಪೂಜೆಗೆಂದು ಮೊದಲ ಹಾಲನ್ನು ಒಂದು ಹಿತ್ತಾಳೆ ಚೊಂಬಿನಲ್ಲಿ ಬೇರೆಯಾಗಿ ಎತ್ತಿಡುತ್ತಿದ್ದರು. ಅದನ್ನು ಯಾರೂ ಮುಟ್ಟುವಂತಿರಲಿಲ್ಲ.

ನನ್ನ ಮಗಳಿಗೆ ಆರು ವರ್ಷವಾಗಿದ್ದಾಗ ಒಂದು ಬೂದು ಪಟ್ಟೆಯ ಹೆಣ್ಣುಬೆಕ್ಕು ತಾನಾಗಿಯೇ ಬಂದು ಸೇರಿಕೊಂಡಿತು. ಅದಾದ ಮೇಲೆ ನಾನು ತವರಿನಿಂದ ಒಂದು ನಾಯಿಮರಿಯನ್ನು ಬುಟ್ಟಿಯಲ್ಲಿಟ್ಟು, ಮೇಲೆ ಟವೆಲ್ಲು ಮುಚ್ಚಿ ಬಸ್ಸಿನಲ್ಲಿ ತಂದೆ. ಅದಕ್ಕೆ ಹೆಸರಿಡಲು ಅಪ್ಪ ಮಗಳು ಎಷ್ಟೋ ದಿನ ಜಗಳವಾಡಿದರು. ಕೊನೆಗೆ ಮರಿ ಮರಿ ಎಂದು ಕರೆದೇ ಅದು ದೊಡ್ಡದಾಯಿತು. ಬೆಕ್ಕು ಅದರ ಹೊಟ್ಟೆಯ ಮೇಲೆ ಮಲಗುತ್ತಿತ್ತು.

ಅತ್ತಿಗೆಗೆ ಎರಡೂ ಆಗುತ್ತಿರಲಿಲ್ಲ. ನಾಯಿ ಒಗೆದ ಸೀರೆಯ ಸೆರಗನ್ನು ಎಳೆಯುತ್ತಿತ್ತು. ಬೆಕ್ಕು ಒಂದು ದಿನ ಆ ಹಿತ್ತಾಳೆ ಚೊಂಬಿಗೇ ಬಾಯಿ ಹಾಕಿತು. ಅತ್ತಿಗೆ ಸೌದೆ ತುಂಡು ತೆಗೆದು ಎಸೆದ ಏಟಿಗೆ ಅದು ವಾರವಿಡೀ ಕುಂಟಿತು.

"ಪೂಜೆ ಆಲಿಗೆ ಬಾಯಾಕ್ತು ಕಣಮ್ಮ. ಇವಕ್ಕೆ ಒಂದಿನ ಇಸ ಆಕ್ಬುಡ್ತೀನಿ, ನೋಡ್ತಿರು" ಎಂದರು.

ಈ ಮಾತನ್ನು ಅವರು ಒಂದು ಸಲವಲ್ಲ, ನೂರು ಸಲ ಆಡಿದ್ದರು. ಬರೀ ಮಾತಾಗಿದ್ದರೆ ನಾನು ಮರೆಯುತ್ತಿದ್ದೆ. ಆದರೆ ಬೆಕ್ಕು ಅಕ್ಕಿ ಡ್ರಮ್ಮಿನ ಹಿಂದೆ ಮೂರು ಮರಿ ಹಾಕಿದಾಗ, ನಾನು ಹೆಮ್ಮಿಗೆಯ ಶಾಲೆಗೆ ಪಾಠ ಮಾಡಲು ಹೋಗಿದ್ದ ಹೊತ್ತಿನಲ್ಲಿ, ಅತ್ತಿಗೆ ಇನ್ನೂ ಕಣ್ಣು ಬಿಡದ ಆ ಮರಿಗಳನ್ನು ಗೋಣಿಚೀಲಕ್ಕೆ ತುಂಬಿ ನಾಲೆಯ ಆಚೆ ಬಿಟ್ಟು ಬಂದರು. ನಾನು ಸಂಜೆ ಹೋಗಿ ಹುಡುಕಿದೆ. ಚೀಲ ಮಾತ್ರ ಸಿಕ್ಕಿತು. ತಾಯಿಬೆಕ್ಕು ಮೂರು ದಿನ ಹಿತ್ತಲಿನ ಒಂದೊಂದೇ ಮಡಕೆಯೊಳಗೆ ತಲೆ ಹಾಕುತ್ತಾ ಅರಚಿತು. ಮಗಳು ಅದರ ಹಿಂದೆ ಹಿಂದೆ ಓಡಾಡಿದಳು. ಅತ್ತಿಗೆ ಪೂಜೆಗೆ ಕೂತು ಗಂಟೆ ಬಾರಿಸಿದರು. ಅವತ್ತಿನಿಂದ ನಾನು ಅವರ ಮುಖ ನೋಡಿ ಮಾತನಾಡುವುದನ್ನು ಬಿಟ್ಟೆ.

ಆಗ ಮಗಳಿಗೆ ಎಂಟು ವರ್ಷ. ಅದೇ ಬೇಸಿಗೆಯ ಒಂದು ಭಾನುವಾರ ಊಟವಾಗಿ ತಟ್ಟೆ ತೊಳೆಯುತ್ತಿದ್ದೆ. ಮಗಳು ಹಿತ್ತಲಿನಿಂದ ಕಿರುಚಿದಳು. ಹೋಗಿ ನೋಡಿದರೆ ಸೀಬೆಮರದ ಕೆಳಗೆ ನಾಯಿ ಅಡ್ಡಬಿದ್ದಿತ್ತು. ನಾಲ್ಕು ಕಾಲೂ ಕೋಲಿನಂತೆ ಸೆಟೆದಿದ್ದವು. ಬಾಯಲ್ಲಿ ನೊರೆ, ಪಕ್ಕದಲ್ಲಿ ಕಪ್ಪಗೆ ಕಾರಿಕೊಂಡದ್ದು. ಅದರಲ್ಲಿ ಕೊಬ್ಬರಿಯ ಚೂರುಗಳಿದ್ದವು. ಅದನ್ನು ಕಣ್ಣಾರೆ ಕಂಡೆ. ಕಂಡರೂ ಯಾವ ಕೊಬ್ಬರಿ, ಯಾರು ಇಟ್ಟದ್ದು ಎಂದು ಯೋಚಿಸಲಿಲ್ಲ. ಯೋಚಿಸುವ ಅಗತ್ಯವೇ ನನಗೆ ಕಾಣಲಿಲ್ಲ.

ದನದ ಡಾಕ್ಟರಿಗೆ ಫೋನು ಮಾಡಿದೆ. ಅವರು ಮುಡುಕುತೊರೆಯ ಹತ್ತಿರ ಯಾರದೋ ಹಸುವಿನ ಹೆರಿಗೆ ಮಾಡಿಸುತ್ತಿದ್ದರು.

"ಫಿಟ್ಸ್ ಶುರುವಾಗಿದ್ಯಾ ಮೇಡಂ? ಹಾಗಾದ್ರೆ ಬಾಯಿಗೆ ಏನೂ ಹುಯ್ಯಬೇಡಿ. ನಾನು ಬರೋಕೆ ಒಂದೂವರೆ ಗಂಟೆ ಆಗುತ್ತೆ. ನಿಜ ಹೇಳ್ತೀನಿ, ಅಷ್ಟು ಹೊತ್ತು ಇರೋದು ಕಷ್ಟ."

ನಾನು ಒಳಗೆ ಹೋದೆ. ಅತ್ತಿಗೆ ಚಾಪೆಯ ಮೇಲೆ ಅಡ್ಡಾಗಿದ್ದರು. ಅರವತ್ತು ದಾಟಿದ ಹೆಂಗಸು. ಅವರ ರಟ್ಟೆ ಹಿಡಿದು ಎಬ್ಬಿಸಿ, ಹಿತ್ತಲಿಗೆ ಎಳೆದುಕೊಂಡು ಬಂದು ಒಗೆಯುವ ಕಲ್ಲಿನ ಮೇಲೆ ಕೂರಿಸಿದೆ.

"ನೋಡಿ. ನೀವು ಮಾಡಿದ ಕೆಲಸ ನೋಡಿ. ಇದರ ಪ್ರಾಣ ಹೋಗೋವರೆಗೂ ಇಲ್ಲಿಂದ ಏಳಬಾರದು."

ಅವರು ನಾಯಿಯನ್ನು ನೋಡಿದರು. ಆಮೇಲೆ ತಮ್ಮನನ್ನು ನೋಡಿದರು. ನನ್ನ ಗಂಡ ಪಂಪಿನ ಶೆಡ್ಡಿನ ಬಾಗಿಲಲ್ಲಿ ನಿಂತಿದ್ದ.

"ಬಿಡೇ, ಅಕ್ಕನ್ನ ಬಿಡು" ಎಂದ, ಕೇಳಿಸಿಯೂ ಕೇಳಿಸದ ಹಾಗೆ.

"ನೀವು ಸುಮ್ನಿರಿ" ಎಂದೆ. ಅವನು ಸುಮ್ಮನಾದ.

ನಾಯಿ ಬೇಗ ಸಾಯಲಿಲ್ಲ. ಒಂದು ಸಲ ಸೆಟೆದುಕೊಂಡು, ಸಡಿಲವಾಗಿ, ಇನ್ನೇನು ಮುಗಿಯಿತು ಎನ್ನುವಾಗ ಮತ್ತೆ ಸೆಟೆಯುತ್ತಿತ್ತು. ನಡುನಡುವೆ ಮಗಳು ಮರಿ ಎಂದು ಕರೆದರೆ ಬಾಲದ ತುದಿ ಒಂದೆರಡು ಸಲ ನೆಲಕ್ಕೆ ಬಡಿಯುತ್ತಿತ್ತು. ಎಂಟು ವರ್ಷದ ಕೂಸನ್ನು ನಾನು ಒಳಗೆ ಕಳಿಸಬೇಕಾಗಿತ್ತು. ಕಳಿಸಲಿಲ್ಲ. ಮಗು ಅಳುವುದನ್ನೂ ಅತ್ತಿಗೆ ನೋಡಲಿ ಎಂಬ ಹಟ ನನಗೆ.

ಬಿಸಿಲು ಕಲ್ಲಿನ ಮೇಲೆ ಬಂತು. ಅತ್ತಿಗೆ ಸೆರಗನ್ನು ತಲೆಗೆ ಎಳೆದುಕೊಂಡು ಕೂತೇ ಇದ್ದರು. ಒಂದು ಸಲ ಮಾತ್ರ ಮುಂದೆ ಬಾಗಿ ನಾಯಿಯ ತಲೆಯ ಕಡೆ ಕೈ ಚಾಚಿದರು.

"ಮುಟ್ಟಬೇಡಿ. ಆ ಕೈಯಲ್ಲಿ ಮುಟ್ಟಬೇಡಿ" ಎಂದೆ. ಕೈ ಹಿಂದಕ್ಕೆ ತೆಗೆದುಕೊಂಡರು.

ಡಾಕ್ಟರು ಬರುವ ಹೊತ್ತಿಗೆ ಎಲ್ಲ ಮುಗಿದಿತ್ತು. ಅವರು ಬಗ್ಗಿ ಮೂಸಿ ನೋಡಿ, ಇದು ಇಲಿ ಪಾಷಾಣವೇ ಎಂದರು. ನಾನು ಗುದ್ದಲಿ ತಂದು ಅತ್ತಿಗೆಯ ಕಾಲ ಬಳಿ ಹಾಕಿದೆ. ಅವರು ಎದ್ದು ಅದನ್ನು ಎತ್ತಿಕೊಳ್ಳಲು ಹೋದರು. ನನ್ನ ಗಂಡ ಬಂದು ಕಿತ್ತುಕೊಂಡ. ತೆಂಗಿನ ಬುಡದ ಪಕ್ಕ ಸೊಂಟದುದ್ದ ಗುಂಡಿ ತೋಡಿದ. ಅಷ್ಟು ಆಳ ಬೇಕಾಗಿರಲಿಲ್ಲ. ಸಾಕು ಎಂದರೂ ತೋಡುತ್ತಲೇ ಇದ್ದ.

ಅವತ್ತು ಸಂಜೆ ಅಡುಗೆಮನೆಯಲ್ಲಿ, ಅತ್ತಿಗೆಯ ಕಿವಿಗೆ ಬೀಳುವ ಹಾಗೆಯೇ ಮಗಳಿಗೆ ಹೇಳಿದೆ. "ಇನ್ಮೇಲೆ ಅತ್ತೆ ಕೈಯಿಂದ ಏನು ಕೊಟ್ರೂ ತಿನ್ನಬೇಡ. ನೀರು ಕೊಟ್ರೂ ಕುಡೀಬೇಡ. ಮರಿಗೆ ಹಾಕಿದವರು ನಾಳೆ ನಿನಗೂ ಹಾಕ್ತಾರೆ."

ಮಗಳು ಕಣ್ಣು ಅಗಲಿಸಿ ನನ್ನನ್ನು ನೋಡಿದಳು. ಅಷ್ಟರವರೆಗೆ ಅವಳಿಗೆ ದಿನಾ ಬೆಳಗ್ಗೆ ರಾಗಿರೊಟ್ಟಿಗೆ ತುಪ್ಪ ಸವರಿ, ಸಕ್ಕರೆ ಉದುರಿಸಿ, ಸುರುಳಿ ಸುತ್ತಿ ಬಾಯಿಗೆ ಕೊಡುತ್ತಿದ್ದದ್ದು ಅತ್ತಿಗೆಯೇ. ಮಾರನೆಯ ದಿನವೂ ರೊಟ್ಟಿ ಸುತ್ತಿಕೊಂಡು ಬಂದರು. ಮಗಳು ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ತಲೆ ಅಲ್ಲಾಡಿಸಿದಳು. ಅತ್ತಿಗೆ ರೊಟ್ಟಿಯನ್ನು ತಾವೇ ಅರ್ಧ ಕಚ್ಚಿ ತಿಂದು, ಉಳಿದದ್ದನ್ನು ಚಾಚಿದರು.

"ತಕೋ ಮಗಾ. ನಾನೂ ತಿಂದಿವ್ನಿ ನೋಡು."

ಮಗಳು ಓಡಿ ಬಂದು ನನ್ನ ಸೀರೆ ಹಿಡಿದುಕೊಂಡಳು. ನನಗೆ ಅದು ಹಿತವಾಗಿತ್ತು. ಈ ಮಾತನ್ನು ಬರೆಯದೆ ಬಿಟ್ಟರೆ ಉಳಿದದ್ದೆಲ್ಲ ಸುಳ್ಳಾಗುತ್ತದೆ.

ಎಂಟು ತಿಂಗಳು ಹೀಗೆಯೇ ನಡೆಯಿತು. ಅತ್ತಿಗೆ ಅಡುಗೆಮನೆಗೆ ಬಂದರೆ ನಾನು ಪಾತ್ರೆಗಳ ಮುಚ್ಚಳ ಎತ್ತಿ ಎತ್ತಿ ನೋಡುತ್ತಿದ್ದೆ, ಅವರ ಎದುರಿಗೇ. ಅವರು ಮಾಡಿದ ರವೆಉಂಡೆ ಡಬ್ಬಿಯಲ್ಲಿ ಮುಗ್ಗಲು ಹಿಡಿದು ಕಾಗೆಗಳ ಪಾಲಾಯಿತು. ಕ್ರಮೇಣ ಅವರು ಒಲೆಯ ಕಡೆ ಬರುವುದನ್ನೇ ಬಿಟ್ಟರು. ಬೆಕ್ಕು ಅವರ ಪೂಜೆಯ ಕೋಣೆಯ ಹೊಸ್ತಿಲ ಮೇಲೆ ಮಲಗತೊಡಗಿತು. ಅವರು ಓಡಿಸಲಿಲ್ಲ. ಪೂಜೆಯಾದ ಮೇಲೆ ಚೊಂಬಿನ ಹಾಲನ್ನು ಅದಕ್ಕೇ ಸುರಿದದ್ದನ್ನು ಒಮ್ಮೆ ಕಂಡೆ. ಪಾಪ ತೊಳೆದುಕೊಳ್ಳುತ್ತಿದ್ದಾರೆ ಎಂದುಕೊಂಡೆ. ಬೆಕ್ಕನ್ನು ಎತ್ತಿಕೊಂಡು ಬಂದು ಬೇರೆ ಹಾಲು ಹಾಕಿದೆ.

ಒಂದು ದಿನ ಅವರು ಟ್ರಂಕು ಕಟ್ಟಿದರು. ಬನ್ನೂರಿನಲ್ಲಿರುವ ದೊಡ್ಡ ತಮ್ಮನ ಮನೆಗೆ ಹೋಗುತ್ತೇನೆ ಎಂದರು. ನನ್ನ ಗಂಡ ಬಸ್ಸು ಹತ್ತಿಸಿ ಬಂದ.

ಅದಾಗಿ ಹದಿನೈದು ದಿನಕ್ಕೆ ಪಂಪು ಕೆಟ್ಟಿತು. ಸ್ಪ್ಯಾನರ್ ಹುಡುಕಲು ಶೆಡ್ಡಿನ ಅಟ್ಟಣಿಗೆಗೆ ಕೈ ಹಾಕಿದೆ. ಒಂದು ಪ್ಲಾಸ್ಟಿಕ್ ಪೊಟ್ಟಣ ಸಿಕ್ಕಿತು. ಒಳಗೆ ಅರ್ಧ ಖರ್ಚಾದ ಇಲಿ ಪಾಷಾಣ, ಒಣಗಿ ಕಮಟಾದ ಕೊಬ್ಬರಿ. ಪೊಟ್ಟಣದ ಬಾಯಿಗೆ ಬೈಂಡಿಂಗ್ ವೈರು ಎರಡು ಸುತ್ತು ಸುತ್ತಿ ತುದಿ ಒಳಕ್ಕೆ ಮಡಿಸಿತ್ತು. ನಮ್ಮ ಮನೆಯಲ್ಲಿ ಹಾಗೆ ಕಟ್ಟುವವನು ಒಬ್ಬನೇ.

ಅದನ್ನು ತಂದು ಗಂಡನ ಮುಂದೆ ಇಟ್ಟೆ. ಅವನು ಕಾಫಿ ಕುಡಿಯುತ್ತಿದ್ದ. ಲೋಟ ಕೆಳಗಿಟ್ಟ.

"ಹೆಗ್ಗಣಕ್ಕೆ ಇಟ್ಟಿದ್ದು ಕಣೆ. ಸುವರ್ಣಗೆಡ್ಡೆ ಎಲ್ಲ ತಿಂದ್ಹಾಕ್ತವೆ ಅಂತ ನೀನೇ ತಾನೆ ದಿನಾ ಗೊಣಗ್ತಿದ್ದದ್ದು. ಬಿಲದೊಳಕ್ಕೇ ತಳ್ಳಿದ್ದೆ. ನಾಯಿ ಕೆದರಿ ತೆಗೀತದೆ ಅಂತ ನಂಗೇನು ಗೊತ್ತು?"

"ಅವತ್ತು ಹೇಳಬಹುದಿತ್ತಲ್ಲ."

"ನೀನು ಅಷ್ಟೊತ್ತಿಗೆ ಅಕ್ಕನ್ನ ಎಳ್ಕೊಂಡು ಬಂದಾಗಿತ್ತು. ಸಾಯಂಕಾಲ ಹೇಳಾನ ಅಂದ್ಕೊಂಡೆ. ಮಾರ್ನೆ ದಿನ ಇನ್ನೂ ಕಷ್ಟ ಆಯ್ತು. ವಾರ ಆದ್ಮೇಲೆ ಆಗ್ಲೇ ಇಲ್ಲ."

"ಅವರಿಗೆ ಗೊತ್ತಿತ್ತಾ?"

"ನಾನು ಕೊಬ್ಬರಿ ಹೆಚ್ಚೋದನ್ನ ನೋಡಿದ್ಲು" ಎಂದ. ಆಮೇಲೆ ಮುಖ ಮುಚ್ಚಿಕೊಂಡು ಅತ್ತ. ನಾನು ಸಮಾಧಾನ ಮಾಡಲಿಲ್ಲ.

ಮಗಳಿಗೂ ಹೇಳಬೇಕಾಯಿತು. ವಿಷ ಹಾಕಿದ್ದು ಅತ್ತೆಯಲ್ಲ, ಅಪ್ಪ ಹೆಗ್ಗಣಕ್ಕೆ ಇಟ್ಟದ್ದನ್ನು ಮರಿ ತಿಂದುಬಿಟ್ಟಿತು ಎಂದೆ. ಅವಳು ಕೇಳಿದಳು. "ಹಾಗಾದ್ರೆ ಅಪ್ಪ ಕೊಟ್ರೆ ತಿನ್ನಬಹುದಾ?"

ಮುಂದಿನ ಭಾನುವಾರ ಒಬ್ಬಳೇ ಬನ್ನೂರಿಗೆ ಹೋದೆ. ಅತ್ತಿಗೆ ಪಡಸಾಲೆಯಲ್ಲಿ ಮೊರ ಇಟ್ಟುಕೊಂಡು ಅವರೆಕಾಯಿ ಸುಲಿಯುತ್ತಿದ್ದರು. ಸೊರಗಿದ್ದರು. ಬಾ ಎನ್ನಲಿಲ್ಲ, ಹೋಗು ಎಂದೂ ಅನ್ನಲಿಲ್ಲ. ನಾನು ಎದುರಿಗೆ ಕೂತು, "ತಪ್ಪಾಯ್ತು ಅತ್ತಿಗೆ" ಎಂದೆ.

"ಯಾವ್ದು?" ಎಂದರು ತಲೆಯೆತ್ತದೆ. "ನಾಯಿದಾ, ಮಗೂದಾ?"

ನಾನೂ ಮೊರದಿಂದ ಒಂದು ಕಾಯಿ ಎತ್ತಿಕೊಂಡೆ.

"ನಾಯಿ ಸತ್ತಾಗ ನಿಂಗೆ ಸಂಕ್ಟ ಆಗಿತ್ತು. ಕಲ್ಲ ಮ್ಯಾಲೆ ಕೂರ್ಸಿದ್ದೂ ನಂಗೇನಿಲ್ಲ. ನಾನೂ ಬೆಕ್ಕಿನ ಮರಿಗೋಳ ಬುಟ್ಟು ಬಂದವ್ಳೇ, ನಾನೇನ್ ಒಳ್ಳೇವ್ಳಲ್ಲ. ಆದ್ರೆ ಮಗೀಗೆ ಅಂಗೇಳ್ಬಾರ್ದಾಗಿತ್ತು."

"ನೀವಾದ್ರೂ ಹೇಳಬಹುದಿತ್ತಲ್ಲ, ನಾನು ಹಾಕಿಲ್ಲ ಅಂತ."

"ನಾನಾಕಿಲ್ಲ ಅಂದ್ರೆ ಯಾರಾಕಿದ್ದು ಅಂತ ಕೇಳ್ತಿದ್ದೆ. ಅವ್ನೇ ಏಳ್ತಾನೆ ಅಂತ ಕಾದೆ." ಒಂದು ಕಾಯಿ ಸುಲಿದು, ಹುಳುಕು ಕಾಳನ್ನು ಪಕ್ಕಕ್ಕೆ ಎಸೆದರು. "ಎತ್ತಾಡ್ಸಿದ ಕೂಸು. ಎಂಟು ತಿಂಗ್ಳು ಕಾದೆ."

ಮನೆಗೆ ಬನ್ನಿ ಎಂದು ಕರೆದೆ. ಕಾಲು ಹಿಡಿಯಲು ಹೋದೆ, ಕಾಲು ಒಳಗೆ ಎಳೆದುಕೊಂಡರು. "ಓಗು, ಬಸ್ಸಿಗೆ ಒತ್ತಾಯ್ತದೆ" ಎಂದರು. ಅವರ ದೊಡ್ಡ ತಮ್ಮನ ಹೆಂಡತಿ ತಂದ ಕಾಫಿಯನ್ನು ಕುಡಿದು ಎದ್ದು ಬಂದೆ. ನನ್ನ ಗಂಡ ಇದುವರೆಗೂ ಆ ಮನೆಗೆ ಹೋಗಿಲ್ಲ. ಇವತ್ತು ಹೋಗುತ್ತೇನೆ, ನಾಳೆ ಹೋಗುತ್ತೇನೆ ಎನ್ನುತ್ತಾನೆ.

ಹೋದ ವರ್ಷ ಅದೇ ಮನೆಯಲ್ಲಿ ಆ ತಮ್ಮನ ಮೊಮ್ಮಗುವಿನ ನಾಮಕರಣವಾಯಿತು. ಮಗಳನ್ನು ಕರೆದುಕೊಂಡು ಹೋದೆ. ಅವಳಿಗಾಗ ಹನ್ನೆರಡು. ಅವಳಿಗೆ ಎಲ್ಲ ಗೊತ್ತು, ಎಲ್ಲ ಅರ್ಥವಾಗುತ್ತದೆ. ಪಂಕ್ತಿಯಲ್ಲಿ ಕೂತಾಗ ಅತ್ತಿಗೆ ಒಬ್ಬಟ್ಟಿನ ತಟ್ಟೆ ಹಿಡಿದು ಬಂದರು. ಮಗಳ ಎಲೆಯ ಮುಂದೆ ನಿಂತು, ದೊಡ್ಡದೊಂದನ್ನು ಆರಿಸಿ ಬಡಿಸಿ, ಅದರ ಮೇಲೆ ತುಪ್ಪ ಹಾಕಿದರು.

"ಎಷ್ಟುದ್ದ ಆಗ್ಬುಟ್ಯಲ್ಲೇ ಮಗಾ" ಎಂದರು.

ಮಗಳು ನಕ್ಕಳು. "ಚೆನ್ನಾಗಿದ್ದೀರಾ ಅತ್ತೆ?" ಎಂದು ಕೇಳಿದಳು. ಅನ್ನ, ಪಲ್ಯ, ಹಪ್ಪಳ ಎಲ್ಲವನ್ನೂ ಮುಗಿಸಿದಳು. ಒಬ್ಬಟ್ಟು ಇದ್ದಲ್ಲೇ ಇತ್ತು. ನಾನು ಮೊಣಕೈಯಿಂದ ತಿವಿದೆ. ಅವಳು ಒಂದು ಚೂರು ಮುರಿದು, ಬಾಯಿಯವರೆಗೂ ತಂದು, ಮತ್ತೆ ಎಲೆಯ ಮೇಲಿಟ್ಟು, ಎಲೆಯನ್ನು ಅದರ ಮೇಲೆ ಮಡಿಸಿದಳು. ಪಂಕ್ತಿಯ ಕೊನೆಯಲ್ಲಿ ನಿಂತಿದ್ದ ಅತ್ತಿಗೆ ಅದನ್ನು ನೋಡಿದರು. ತಟ್ಟೆಯನ್ನು ಇನ್ನೊಬ್ಬರ ಕೈಗೆ ಕೊಟ್ಟು ಒಳಗೆ ಹೋದರು. ನಾವು ಹೊರಡುವವರೆಗೂ ಹೊರಗೆ ಬರಲಿಲ್ಲ.

ಬಸ್ಸಿನಲ್ಲಿ ಮಗಳನ್ನು ಬೈದೆ. ಎಲ್ಲ ಗೊತ್ತಿದ್ದೂ ಹೀಗೆ ಮಾಡಿದೆಯಲ್ಲ ಎಂದೆ.

"ಗೊತ್ತಮ್ಮ" ಎಂದಳು. "ಗೊತ್ತಿದ್ರೂ ಗಂಟಲಲ್ಲಿ ಇಳಿಯಲ್ಲ. ನಾನೇನು ಮಾಡಲಿ?"

ನಾನು ಅವಳನ್ನು ಮತ್ತೆ ಬೈಯಲಿಲ್ಲ. ಊರು ಬರುವವರೆಗೂ ಅವಳು ಕಿಟಕಿಯಾಚೆ ಕಬ್ಬಿನ ಗದ್ದೆಗಳನ್ನು ನೋಡುತ್ತಾ ಕೂತಿದ್ದಳು.