ಬಾರ ಐತಿ

ಮೊನ್ನೆ ಅಥಣಿಯ ಸಂತೆಯಲ್ಲಿ ಗಾಣದವನೊಬ್ಬ ಅಗಸೆ ಎಣ್ಣೆಯ ಡಬ್ಬಿಯ ಮುಚ್ಚಳ ತೆಗೆದ. ಜೊತೆಗಿದ್ದ ಗೆಳತಿಗೆ ಅಗಸೆ ಹಿಂಡಿ, ಬಿಸಿ ರೊಟ್ಟಿ ನೆನಪಾದವು. ನನಗೆ ಬಂದೂಕು ನೆನಪಾಯಿತು. ನಮ್ಮ ಮನೆಯಲ್ಲಿ ಆ ಎಣ್ಣೆ ಅಡುಗೆಮನೆಗಿಂತ ಪಡಸಾಲೆಯಲ್ಲೇ ಹೆಚ್ಚು ಖರ್ಚಾಗುತ್ತಿತ್ತು. ಅಪ್ಪ ಬಂದೂಕಿನ ಮರದ ಹಿಡಿಗೆ ಅದನ್ನು ಸುರಿದು, ಅಂಗೈ ಕಾಯುವ ತನಕ ತಿಕ್ಕುತ್ತಿದ್ದ. ಶೇಡಬಾಳದಿಂದ ನಾಲ್ಕು ಹೆಜ್ಜೆ ದೂರದ ನಮ್ಮೂರಲ್ಲಿ ನಮ್ಮದು ‘ಬಂದೂಕಿನವರ ಮನಿ’. ಕಬ್ಬಿಗೆ ನುಗ್ಗುವ ಹಂದಿ ಓಡಿಸಲು ಲೈಸನ್ಸು ತೆಗೆದ ರೈತರು ಸುತ್ತಲ ಹಳ್ಳಿಗಳಿಂದ ಬಂದೂಕು ರಿಪೇರಿಗೆ ಬರುತ್ತಿದ್ದರು. ಮರದ ಕೆಲಸ ಅಪ್ಪನದು, ಕಬ್ಬಿಣದ ಕೆಲಸ ಅವನ ತಮ್ಮನಾದ ಕಾಕಾನದು. ಪಡಸಾಲೆಯ ಗೋಡೆಯ ಮೇಲೆ ಯಡೂರಿನ ವೀರಭದ್ರನ ಪಟ, ಅದರ ಮಗ್ಗುಲಲ್ಲಿ ಗಾಜು ಹಾಕಿಸಿದ ಲೈಸನ್ಸಿನ ಕಾಗದ. ಆಯಿ, ಎಂದರೆ ನನ್ನ ಅಪ್ಪನ ತಾಯಿ, ಎರಡಕ್ಕೂ ದಿನಾ ಊದಿನಕಡ್ಡಿ ಬೆಳಗುತ್ತಿದ್ದಳು. ಕಾಗದಕ್ಕೆ ಯಾಕೆ ಎಂದು ಕೇಳಿದರೆ, ಅನ್ನ ಹಾಕುವುದು ಯಾವುದಾದರೇನು ಎನ್ನುತ್ತಿದ್ದಳು.

ಕಾಕಾನಿಗೆ ಹಂದಿ ಓಡಿಸುವ ಸಣ್ಣ ಬಂದೂಕುಗಳಲ್ಲಿ ಮನಸ್ಸಿರಲಿಲ್ಲ. ಅವನ ಜೀವವೆಲ್ಲ ದೊಡ್ಡ ಬಾಯಿಯ, ವಿಚಿತ್ರ ಕಟ್ಟಿನ ಬಂದೂಕುಗಳಲ್ಲಿ. ಆನೆ ಹೊಡೆಯುವ ಬಂದೂಕು, ಒಂಟೆಯ ಬೆನ್ನ ಮೇಲೆ ಕೂಡಿಸುವ ಸಣ್ಣ ತೋಫು, ಒಂದು ನಳಿಗೆಯಲ್ಲಿ ಗುಂಡು ಇನ್ನೊಂದರಲ್ಲಿ ಚರೆ ಹಾರಿಸುವ ಜೋಡುನಳಿಗೆ, ಇವನ್ನೆಲ್ಲ ಎಲ್ಲೆಲ್ಲೋ ಚಿತ್ರದಲ್ಲಿ ನೋಡಿ ಬಂದು ಕುಲುಮೆಯ ಹಿಂದಿನ ಗೋಡೆಯ ಮೇಲೆ ಇದ್ದಿಲಿನಿಂದ ಬರೆಯುತ್ತಿದ್ದ. ಒಮ್ಮೆ ಆರು ನಳಿಗೆಗಳು ರಾಟೆಯಂತೆ ತಿರುಗುತ್ತ ಒಂದಾದ ಮೇಲೊಂದು ಹಾರುವ ತೋಫು ಬರೆದ. ಆಯಿ ಸೊಂಟಕ್ಕೆ ಕೈಕೊಟ್ಟು ನಿಂತು ನೋಡಿ, “ಹಂದಿ ಓಡಸಾಕ ಆರು ನಳಿಗಿ ಯಾಕ ಬೇಕೋ ಹುಚ್ಚಾ?” ಅಂದಳು. “ಹಂದಿ ಒಂದ ಬರತೈತೇನ ಬೇ? ಹಿಂಡ ಬರತೈತಿ!” ಅಂದ ಕಾಕಾ. ಒಳಗೆ ರೊಟ್ಟಿ ಬಡಿಯುತ್ತಿದ್ದ ಕಾಕಾನ ಹೆಂಡತಿ ಕಾಕು ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಮದುವೆಯಾಗಿ ಆಗ ಅವಳಿಗೆ ಎರಡೇ ವರ್ಷ. ಆ ನಗು ನಮ್ಮ ಮನೆಯಲ್ಲಿ ಇತ್ತು ಎಂದು ಈಗ ಹೇಳಿದರೆ ನನಗೇ ನಂಬಿಕೆ ಬರುವುದಿಲ್ಲ.

ಬಂದೂಕಿನ ಬೋರು ಎಂದರೇನೆಂದು ಕಾಕಾ ನನಗೆ ಕಲಿಸಿದ್ದು ಶೇಂಗಾ ಉಂಡಿಯಿಂದ. “ಒಂದ ರತ್ತಲ ಸೀಸದಾಗ ಸರೀಕ ಹನ್ನೆರಡ ಗುಂಡ ಆದ್ರ ಬಾರಾ ಬೋರ. ನಾಕ ಆದ್ರ ಚಾರ ಬೋರ. ನಿಮ್ಮವ್ವ ಅಷ್ಟ ಹಿಟ್ಟಿನಾಗ ನಾಕ ಉಂಡಿ ಕಟ್ಟಿದ್ರ ಒಂದೊಂದ ಎಷ್ಟ ದೊಡ್ಡದಾಗತೈತಿ?” ಎಣಿಕೆ ಸಣ್ಣದಾದಷ್ಟೂ ಬಾಯಿ ದೊಡ್ಡದು. ಈ ಗಡಿಯ ಊರುಗಳಲ್ಲಿ ಮಾತು ಕನ್ನಡ, ಎಣಿಕೆ ಬಹಳ ಸಲ ಮರಾಠಿ. ಹಾಗಾಗಿ ಹನ್ನೆರಡಕ್ಕೆ ನಾವು ‘ಬಾರಾ’ ಎನ್ನುತ್ತಿದ್ದೆವು. ನಳಿಗೆಯೊಳಗೆ ತುಂಬಿದ ಮದ್ದುಗುಂಡಿಗೆ ‘ಬಾರ’. ಎರಡಕ್ಕೂ ಕೊನೆಯಲ್ಲಿ ಒಂದು ಉಸಿರಿನಷ್ಟೇ ಅಂತರ, ಮುಂದೆ ‘ಐತಿ’ ಸೇರಿಸಿದರೆ ಅದೂ ಇರುವುದಿಲ್ಲ.

ನನಗೆ ಒಂಬತ್ತು ತುಂಬಿದ ವರ್ಷ, ಆಯುಧಪೂಜೆಯ ಖಂಡೇನವಮಿಗೆ ವಾರವಿದ್ದಾಗ, ಯಡೂರಿನ ಕಡೆಯ ರೈತನೊಬ್ಬ ಬಂಡಿಯಲ್ಲಿ ಕಣಿಕೆಯ ಮೇಲೆ ಮಲಗಿಸಿಕೊಂಡು ಒಂದು ಬಂದೂಕು ತಂದ. ಹಳೆಯ ಕಾಲದಲ್ಲಿ ಊರ ಕಾವಲಿನ ಗೋಪುರವಾದ ಹುಡೇವಿನ ಕಿಂಡಿಯಿಂದ ಹೊಡೆಯಲು ಮಾಡಿದ್ದಂತೆ. ಅಪ್ಪನಿಗಿಂತ ಉದ್ದ. ಹೆಗಲಿಗೆ ಹಚ್ಚಲು ಯಾರಿಂದಲೂ ಆಗದೆಂದು ಹೊಟ್ಟೆಯ ಕೆಳಗೆ ಕಬ್ಬಿಣದ ಕವೆ. ಬಾಯೊಳಗೆ ನನ್ನ ಮುಷ್ಟಿ ಹೋಗುವಂತಿತ್ತು. ತುಕ್ಕು ತೆಗೆದು ಪೂಜೆಗಿಡುವಂತೆ ಮಾಡಿಕೊಡಿರಿ ಎಂದ ರೈತ, ಬಂಡಿ ತಿರುಗಿಸುತ್ತ ಅಪ್ಪನಿಗೆ, “ನಮ್ಮ ಮುತ್ಯಾ ತುಂಬಿ ಇಟ್ಟಾನಂತ್ರಿ. ಬಾರ ಐತಿ, ಜ್ವಾಕಿ” ಎಂದು ಹೇಳಿಹೋದ. ಅಪ್ಪನ ಕೈತುಂಬ ಮರ ಅಂಟಿಸುವ ಸರಸು ಮೆತ್ತಿತ್ತು, ಬಿರುಕು ಬಿಟ್ಟ ಹಿಡಿಯೊಂದನ್ನು ಅದುಮಿ ಹಿಡಿದಿದ್ದ. ಬಿಟ್ಟೇಳುವ ಹಾಗಿರಲಿಲ್ಲ. “ಓಡಿಹೋಗಿ ಕಾಕಾಗ ಹೇಳು, ಬಾರ ಐತಿ ಅಂತ” ಅಂದ. ಆಳುಗಳು ಅಷ್ಟರಲ್ಲಿ ಅದನ್ನು ಕುಲುಮೆಗೆ ಹೊತ್ತೊಯ್ದಿದ್ದರು.

ಯಾವ ಬಂದೂಕು ಬಂದರೂ ಕಾಕಾ ಮೊದಲು ನಳಿಗೆಯೊಳಗೆ ಗಜ ಇಳಿಸುತ್ತಿದ್ದ. ಆ ಕಬ್ಬಿಣದ ಕೋಲು ತಳ ಮುಟ್ಟಿದರೆ ಖಾಲಿ, ನಡುವೆ ನಿಂತರೆ ಬಾರ. ಈ ರಾಕ್ಷಸನಿಗೆ ನಮ್ಮಲ್ಲಿದ್ದ ಅತಿ ಉದ್ದದ ಗಜವೂ ಸಾಲಲಿಲ್ಲ. ಅವನು ತಲೆ ಕೆರೆದುಕೊಳ್ಳುತ್ತ ನಿಂತಾಗಲೇ ನಾನು ಹೋದೆ. “ಅಣ್ಣ ಏನಂದಾ?” ಎಂದು ಕೇಳಿದ. “ಬಾರ ಐತಂತ ಕಾಕಾ” ಅಂದೆ. ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. “ಇದು ಬಾರಾ ಬೋರ? ಇದು ಬಾರಾ ಆದ್ರ ನಾ ಎಮ್ಮಿ! ನಿಮ್ಮಪ್ಪಗ ಕಟಿಗಿ ಬಿಟ್ರ ಏನೂ ತಿಳಿಯೂದಿಲ್ಲ ನೋಡು.” ಅವನು ನಕ್ಕರೆ ನಗದೆ ಇರುವುದು ನನಗೆ ಗೊತ್ತಿರಲಿಲ್ಲ, ನಾನೂ ನಕ್ಕೆ. ಕಟ್ಟೆ ಇಳಿಯುವಾಗ ಹೊಳೆಯಿತು, ಅಪ್ಪ ಹೇಳಿದ್ದು ಆ ಬಾರಾ ಅಲ್ಲ ಎಂದು. ಹೌದು, ಹೊಳೆಯಿತು. ಚಿಕ್ಕವಳು, ತಿಳಿಯಲಿಲ್ಲ ಎಂದು ನಿಮ್ಮೆದುರು ಸುಳ್ಳು ಹೇಳಲಾರೆ. ಆಮೇಲೆ ಹೇಳಿದರಾಯಿತು ಎಂದುಕೊಂಡು ಬಾಜೂ ಮನೆಯವರ ಜೋಕಾಲಿಯ ಕಡೆ ಓಡಿದೆ. ತುಕ್ಕು ಹಿಡಿದು ಕೂತ ಹಿಂಭಾಗವನ್ನು ಸಡಿಲಿಸಲು ಕಾಕಾ ಅದನ್ನು ಕೆಂಡಕ್ಕೆ ಹಿಡಿದ. ಬಂದೂಕಿನ ಬಾಯಿ ಅವನ ಎದೆಯ ಕಡೆಗಿತ್ತು.

ಆ ಸದ್ದಿನ ಬಗ್ಗೆ ಬರೆಯಲು ನನ್ನಿಂದ ಆಗುವುದಿಲ್ಲ. ಕಾಕಾನನ್ನು ಹೊತ್ತು ತಂದು ಪಡಸಾಲೆಯಲ್ಲಿ ಮಲಗಿಸಿದ ಮೇಲೆ, ಜನರ ನಡುವೆ ಆಯಿ ಅಪ್ಪನ ಎರಡೂ ತೋಳು ಹಿಡಿದು ಅಲುಗಿಸಿದಳು. “ಬಾರ ಐತಿ ಅಂತ ನಿನಗ ಗೊತ್ತಿತ್ತಂತಲ್ಲೋ. ತಮ್ಮಗ ಒಂದ ಮಾತ ಹೇಳಬಾರದಾಗಿತ್ತೇನ?” ಅಪ್ಪ ತಲೆಯೆತ್ತಿ ಒಮ್ಮೆ ನನ್ನನ್ನು ನೋಡಿದ. ನಾನು ಕಂಬದ ಮರೆಗೆ ಸರಿದೆ. “ಮರತೆ” ಅಂದ ಅಪ್ಪ. ಅದೊಂದೇ ಮಾತು. ಆಯಿ ಸಾಯುವತನಕ ಅವನ ಜೊತೆ ಮತ್ತೆ ಮಾತಾಡಲಿಲ್ಲ. ಕಾಕು ತವರಿಗೆ, ರಾಯಬಾಗಕ್ಕೆ, ಹೊರಟುಹೋದಳು. ಲೈಸನ್ಸು ಸರ್ಕಾರಕ್ಕೆ ಮರಳಿತು, ಕುಲುಮೆ ಆರಿತು. ಅಪ್ಪ ಮುಂದೆ ಜೀವನಪೂರ್ತಿ ಊರವರ ಬಾಗಿಲು ಚೌಕಟ್ಟು ಮಾಡಿದ. ತಮ್ಮನನ್ನು ತಿಂದವನು ಎಂದು ಜನ ಆಡಿದ್ದು ನನ್ನ ಕಿವಿಗೂ ಬಿದ್ದಿದೆ, ಅವನ ಕಿವಿಗೂ ಬಿದ್ದಿದೆ. ಮೂವತ್ತೊಂಬತ್ತು ವರ್ಷ, ಮೊದಲು ಒಂದೇ ಸೂರಿನಡಿ, ಆಮೇಲೆ ಫೋನಿನಲ್ಲಿ, ನಾವಿಬ್ಬರೂ ಮಳೆ ಬೆಳೆ ಎಲ್ಲ ಮಾತಾಡಿದೆವು, ಇದೊಂದನ್ನು ಬಿಟ್ಟು. ಹೋದ ವರ್ಷ ಅಪ್ಪ ತೀರಿಕೊಂಡ. ಆ ಮನೆ ಕೆಡವಿದ ಜಾಗದಲ್ಲಿ ಈಗ ಗೊಬ್ಬರದ ಅಂಗಡಿ ಇದೆ.

ಸಂತೆಯಿಂದ ನಾನು ಮನೆಗೆ ಹೋಗದೆ ನೇರ ರಾಯಬಾಗದ ಬಸ್ಸು ಹತ್ತಿದೆ. ಕಾಕು ಅಂಗಳದಲ್ಲಿ ಕೂತು ಜೋಳ ಹಸನು ಮಾಡುತ್ತಿದ್ದಳು. ಅವಳೆದುರು ಕೂತು ಎಲ್ಲವನ್ನೂ ಹೇಳಿದೆ, ನಕ್ಕದ್ದನ್ನು, ಜೋಕಾಲಿಯನ್ನು, ಅಪ್ಪ ಆಡಿದ ಸುಳ್ಳನ್ನು. ಹೇಳಿದರೆ ಎದೆ ಹಗುರಾಗುತ್ತದೆ ಎನ್ನುತ್ತಾರಲ್ಲ, ಅದನ್ನು ನಂಬಿದ್ದೆ. ಕಾಕುವಿನ ಕೈ ಮೊರದ ಮೇಲೆ ನಿಂತುಬಿಟ್ಟಿತ್ತು. ಬೈಯಲಿಲ್ಲ, ಅಳಲಿಲ್ಲ.

“ನಿಮ್ಮಪ್ಪ ವರ್ಷಾ ಒಮ್ಮೆ ಬರತಿದ್ರು” ಅಂದಳು. “ಬಿಸಲಾಗ ಇಲ್ಲೇ ಅಂಗಳದಾಗ ನಿಂದರತಿದ್ರು, ಒಳಗ ಬರತಿರಲಿಲ್ಲ. ನಾ ಅವರಿಗಿ ಒಂದ ತಂಬಗಿ ನೀರ ಕೊಡಲಿಲ್ಲ. ಒಂದ ಸಲಾನೂ ಕೊಡಲಿಲ್ಲ. ಅವರಿದ್ದಾಗ ಹೇಳಬಾರದಾಗಿತ್ತೇನ ನೀ? ಈಗ ಆ ನೀರ ಯಾರಿಗಿ ಕೊಡ್ಲಿ?”

ಅವಳು ಗೋಡೆ ಹಿಡಿದು ಎದ್ದಳು, ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡಳು. ಅಪ್ಪ ನಿಲ್ಲುತ್ತಿದ್ದ ಜಾಗ ಇದೇ ಇರಬೇಕೆಂದುಕೊಂಡು ನಾನು ಅಂಗಳದಲ್ಲಿ ನಿಂತೇ ಇದ್ದೆ.