ಅತ್ತೆಯ ಪರವಾಗಿ ಒಂದು ಚುಟ್ಟಾ

ಮೊದಲೇ ಹೇಳಿಬಿಡುತ್ತೇನೆ, ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುವವಳು. ಚಳ್ಳಕೆರೆಯ ಮನೆಯಿಂದ ಮೊಳಕಾಲ್ಮೂರಿನ ಶಾಲೆಗೆ ದಿನಾ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ತಂಬಾಕಿನ ವಿರುದ್ಧ ಜಾಥಾ ಹೊರಡಿಸಬೇಕು ಅಂದಾಗಲೆಲ್ಲ ನಮ್ಮ ಹೆಡ್‌ಮಾಸ್ಟರಿಗೆ ಕಾಣುವುದು ನನ್ನ ಮುಖ ಒಂದೇ. ಮಕ್ಕಳ ಕೈಗೆ ಬೋರ್ಡು ಕೊಟ್ಟು, ರಣಬಿಸಿಲಲ್ಲಿ ಬಸ್‌ಸ್ಟ್ಯಾಂಡಿನವರೆಗೆ ಕೂಗಿಸಿಕೊಂಡು ಹೋಗಿ ಬಂದವಳು ನಾನು. ಅಂಥವಳು ನಮ್ಮ ಮನೆಯ ಹಿತ್ತಲಲ್ಲಿ, ಬೇವಿನ ಮರದ ಕೆಳಗೆ ಕೂತು, ಚುಟ್ಟಾ ಸೇದುವುದನ್ನು ಕಲಿತೆ. ಕಲಿಸಿದವರು ನಮ್ಮತ್ತೆ. ನಗುವವರು ಈಗಲೇ ನಕ್ಕು ಮುಗಿಸಿ, ಆಮೇಲೆ ಮುಂದೆ ಓದಿ.

ಚುಟ್ಟಾ ಅಂದರೆ ಸಿನಿಮಾದಲ್ಲಿ ಸಾಹುಕಾರರು ಸೇದುವ ಸಿಗಾರಿನ ಬಡ ದಾಯಾದಿ. ಹೊಗೆಸೊಪ್ಪಿನ ಎಲೆಯನ್ನೇ ಬೆರಳು ದಪ್ಪಕ್ಕೆ ಸುತ್ತಿರುತ್ತಾರೆ, ಅಷ್ಟೇ. ಅತ್ತೆಯ ತವರು ಆಂಧ್ರದ ಗಡಿಯಲ್ಲಿರುವ ರಾಂಪುರದ ಪಕ್ಕದ ಹಳ್ಳಿ. ಆ ಕಡೆ ಮಾತು ಕನ್ನಡದಲ್ಲಿ ಶುರುವಾಗಿ ತೆಲುಗಿನಲ್ಲಿ ಮುಗಿಯುತ್ತದೆ, ವಯಸ್ಸಾದ ಹೆಂಗಸರು ಚುಟ್ಟಾ ಸೇದಿದರೆ ಯಾರೂ ಹುಬ್ಬೇರಿಸುವುದಿಲ್ಲ. ನಮ್ಮತ್ತೆಗೆ ಅದನ್ನು ಅಂಟಿಸಿದವರು ಅವರ ಅತ್ತೆ. ಚಳಿಗಾಲದ ಬೆಳಗ್ಗೆ ಕಡಲೆಕಾಯಿ ಗಿಡ ಕೀಳುವಾಗ ಸೊಸೆಯ ಕೈ ಮರಗಟ್ಟಿದ್ದು ನೋಡಿ, "ಒಂದು ದಮ್ಮು ಎಳಿಯೇ, ಮೈ ಬೆಚ್ಚಗಾಗ್ತೈತೆ" ಅಂತ ತಾವು ಸೇದುತ್ತಿದ್ದುದನ್ನೇ ಕೊಟ್ಟಿದ್ದರಂತೆ.

ಮಾವ ತೀರಿಕೊಂಡ ಮೇಲೆ ಅತ್ತೆ ಚಳ್ಳಕೆರೆಗೆ ನಮ್ಮ ಜೊತೆ ಬಂದರು. ಮಧ್ಯಾಹ್ನ ಉಂಡು ಹಿತ್ತಲಿಗೆ ಹೋಗಿ ಒಂದು ಚುಟ್ಟಾ ಹಚ್ಚಿದರೆಂದರೆ ಮಾತಿನ ಗಂಟು ಬಿಚ್ಚಿಕೊಳ್ಳುತ್ತಿತ್ತು. ಯಾರ ಮದುವೆಯಲ್ಲಿ ಯಾರು ಮುನಿಸಿಕೊಂಡು ಊಟ ಬಿಟ್ಟರು, ಯಾರ ಎಮ್ಮೆ ಯಾರ ಹೊಲಕ್ಕೆ ನುಗ್ಗಿತು, ನಾನು ಮಾಡಿದ ಸಾರಿನಲ್ಲಿ ಏನು ಕಮ್ಮಿಯಾಗಿತ್ತು, ಎಲ್ಲ ಆ ಹೊಗೆಯ ಜೊತೆ ಹೊರಗೆ ಬರುತ್ತಿತ್ತು. ಭಾನುವಾರಗಳಲ್ಲಿ ನಾನು ಪಕ್ಕದಲ್ಲಿ ಕೂತು ಕೇಳುತ್ತಿದ್ದೆ. ನಾನು ಕಾಲೇಜಿನಲ್ಲಿದ್ದಾಗಲೇ ನಮ್ಮವ್ವ ಹೋಗಿಬಿಟ್ಟಳು. ಬೈದು ಬೈದು ಊಟಕ್ಕೆ ಕೂರಿಸುವವರು ನನಗೆ ಮತ್ತೆ ಸಿಕ್ಕಿದ್ದು ಈ ಮನೆಯಲ್ಲಿ. ನನಗೆ ಅವರೆಂದರೆ ಪ್ರಾಣ.

ಹೀಗಿರುವಾಗ ಹಲ್ಲು ನೋವೆಂದು ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು. ಅವರು ಹಲ್ಲನ್ನು ಬಿಟ್ಟು ಕೆನ್ನೆಯ ಒಳಭಾಗವನ್ನೇ ಬಹಳ ಹೊತ್ತು ನೋಡಿದರು. ಅಲ್ಲೊಂದು ಬಿಳಿ ಕಲೆ. ಸದ್ಯಕ್ಕೆ ಹೆದರುವಂಥದ್ದೇನಿಲ್ಲ, ಆದರೆ ಇವತ್ತಿನಿಂದಲೇ ಚುಟ್ಟಾ ಬಿಡಬೇಕು ಅಂದರು. ನಮ್ಮ ಯಜಮಾನರು ಮಾರ್ಕೆಟ್ ಯಾರ್ಡಿನಲ್ಲಿ ಕಡಲೆಕಾಯಿ ಮಂಡಿ ಇಟ್ಟುಕೊಂಡವರು, ಒಂದು ಸಲ ಹೇಳಿದ ಮಾತನ್ನು ಎರಡನೇ ಸಲ ಹೇಳುವವರಲ್ಲ. ಮನೆಗೆ ಬಂದವರೇ ಅವ್ವನ ಬಲಗೈ ಹಿಡಿದು ತಮ್ಮ ತಲೆಯ ಮೇಲಿಟ್ಟುಕೊಂಡರು.

"ಇನ್ನೊಂದ್ಸಲ ಬಾಯಿಗಿಟ್ರೆ ನನ್ನಾಣೆ ಐತೆ ಅವ್ವ."

ಆಣೆಯ ವಿಷಯದಲ್ಲಿ ನಮ್ಮತ್ತೆ ಬಹಳ ಖಡಕ್ಕು. ಹಿಂದೊಮ್ಮೆ ಓರಗಿತ್ತಿಯ ಜೊತೆ ಜಗಳವಾಗಿ ಅವಳ ಹೊಸಿಲು ತುಳಿಯುವುದಿಲ್ಲ ಎಂದು ಆಣೆ ಇಟ್ಟಿದ್ದರಂತೆ. ಆಮೇಲೆ ಇಬ್ಬರೂ ರಾಜಿಯಾದರು, ಆದರೂ ಅತ್ತೆ ಆ ಮನೆಗೆ ಹೋದಾಗಲೆಲ್ಲ ಹಿತ್ತಲ ಬಾಗಿಲಿನಿಂದಲೇ ಒಳಗೆ ಹೋಗುತ್ತಿದ್ದರು. ಇದಂತೂ ಮಗನ ತಲೆ. ಅವತ್ತೇ ಚುಟ್ಟಾ ನಿಂತಿತು.

ಚುಟ್ಟಾದ ಜೊತೆ ಮಾತೂ ನಿಂತಿತು. ಏನು ಕೇಳಿದರೂ "ಹೂಂ". ಊಟ ಆಯ್ತಾ ಅಂದರೆ ಹೂಂ, ಆಗಿಲ್ವಾ ಅಂದರೂ ಹೂಂ. ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುವರು, ಮಡಚಿಟ್ಟ ಬಟ್ಟೆ ಬಿಚ್ಚಿ ಮತ್ತೆ ಮಡಚುವರು. ನನ್ನ ಸಾರಿನಲ್ಲಿ ಉಪ್ಪು ಹೆಚ್ಚಾದ ದಿನವೂ ಸುಮ್ಮನೆ ಉಂಡು ಎದ್ದರು. ಆವಾಗ ನನಗೆ ನಿಜವಾಗಿ ಭಯವಾಯಿತು. ಒಂದು ದಿನ ಅವರೇ ಬಾಯಿ ಬಿಟ್ಟರು.

"ಯುಗಾದಿ ಮುಗೀಲಿ. ತಮ್ಮನ ಮನೆಗೆ ಹೋಗಿಬಿಡ್ತೀನಿ."

"ಯಾಕತ್ತೆ? ನಾವೇನಾದ್ರೂ ಅಂದ್ವಾ?"

"ನೀವೇನಂದ್ರಿ. ಅಲ್ಲಿ ಕಟ್ಟೆ ಮೇಲೆ ಸೇದೋರು ಇರ್ತಾರೆ. ಪಕ್ಕದಾಗೆ ಕೂತ್ರೆ ವಾಸನೆನಾದ್ರೂ ಬರ್ತೈತೆ. ಇಲ್ಲೇನೈತೆ, ಎಣ್ಣೆ ಗಿರಣಿ ಹಿಂಡಿ ವಾಸನೆ."

ಯಜಮಾನರಿಗೆ ಹೇಳಿದೆ. "ಹೋಗ್ಲಿ ಬಿಡು, ಜೀವ ನೆಟ್ಟಗಿದ್ರೆ ಸಾಕು" ಅಂದರು, ಆದರೆ ಅವತ್ತು ರಾತ್ರಿ ಅವರೂ ಸರಿಯಾಗಿ ಉಣ್ಣಲಿಲ್ಲ. ನನಗೆ ಸಿಟ್ಟು ನೆತ್ತಿಗೇರಿತು. ಮಗ ತಲೆ ಕೊಟ್ಟು ಕೂತ, ತಾಯಿ ಬಾಯಿ ಕಟ್ಟಿ ಕೂತರು, ನಡುವೆ ಮನೆ ಬಿಕೋ ಅನ್ನುವುದು ನನಗೆ. ಮಾರನೇ ದಿನ ಅತ್ತೆಯನ್ನು ಹಿಡಿದು ಕೂರಿಸಿ ಕೇಳಿಯೇಬಿಟ್ಟೆ.

"ವಾಸನೆ ಬಂದ್ರೆ ಸಾಕಾ? ಆಣೆ ಮುರಿದಂಗೆ ಆಗಲ್ವಾ?"

ಅತ್ತೆ ತುಸು ಯೋಚಿಸಿದರು. "ಅವನು ಆಣೆ ಹಾಕ್ಸಿದ್ದು ಬಾಯಿಗೆ. ಮೂಗಿಗಲ್ಲ."

ಹಾಗಾದರೆ ಅವರ ಬದಲು ನಾನೇ ಸೇದುತ್ತೇನೆ, ಅವರು ವಾಸನೆ ಹಿಡಿಯಲಿ ಅಂದುಕೊಂಡೆ. ಹೊಗೆ ಪಕ್ಕದವರಿಗೂ ಕೆಡುಕು ಎಂದು ಒಂಬತ್ತನೇ ತರಗತಿಗೆ ನಾನೇ ಪಾಠ ಮಾಡಿದ್ದೆ. ವಾರಕ್ಕೊಂದು ಸಲ, ಬಯಲಲ್ಲಿ, ತುಸು ದೂರದಲ್ಲಿ ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡು, ಪಾಠವನ್ನು ಅತ್ತ ಇಟ್ಟೆ.

ಮೊಳಕಾಲ್ಮೂರಿನ ಬಸ್‌ಸ್ಟ್ಯಾಂಡಿನ ಹತ್ತಿರದ ಅಂಗಡಿಯಲ್ಲಿ ದನಿ ತಗ್ಗಿಸಿ ಚುಟ್ಟಾ ಕೇಳಿದೆ. ಅಂಗಡಿಯವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಮೇಡಂ, ಮೊನ್ನೆ ನಿಮ್ಮ ಹುಡುಗ್ರು ನನ್ನಂಗಡಿ ಮುಂದೆನೇ ನಿಂತು ಧಿಕ್ಕಾರ ಕೂಗಿದ್ರಲ್ರಿ."

"ನಮ್ಮತ್ತೆಗೆ ರೀ."

"ಓ, ಅತ್ತಮ್ಮಗಾರಿಕಾ? ತೀಸ್ಕೋಂಡಿ ಮೇಡಂ." ತಗೊಳ್ಳಿ ಎಂದು ತೆಲುಗಿನಲ್ಲೇ ಅಂದು, ಪೇಪರಿನಲ್ಲಿ ಒಂದು ಕಟ್ಟು ಸುತ್ತಿ ಕೊಟ್ಟರು. ನಾನು ಬೆಂಕಿಪೊಟ್ಟಣವನ್ನೂ ಕೇಳಿದಾಗ, "ಇದೂ ಅತ್ತಮ್ಮಗೇನಾ?" ಅಂದು ಮುಖ ಆ ಕಡೆ ತಿರುಗಿಸಿಕೊಂಡರು. ಭುಜ ಕುಲುಕುತ್ತಿತ್ತು. ಬಸ್ಸಿನಲ್ಲಿ ನನ್ನ ವ್ಯಾನಿಟಿ ಬ್ಯಾಗಿನಿಂದ ಬರುತ್ತಿದ್ದ ಘಾಟಿಗೆ ಪಕ್ಕದ ಸೀಟಿನ ಹೆಂಗಸು ಎದ್ದು ಮುಂದಕ್ಕೆ ಹೋಗಿ ನಿಂತಳು.

ಭಾನುವಾರ ಉಂಡ ಮೇಲೆ ಯಜಮಾನರು ಗೆಳೆಯರ ಜೊತೆ ಹೊರಗೆ ಹೋದರೆ ಬರುವುದು ದೀಪ ಹಚ್ಚುವ ಹೊತ್ತಿಗೆ. ಅವರ ಬೈಕಿನ ಸದ್ದು ತಿರುವು ದಾಟಿದ್ದೇ ತಡ, ಅತ್ತೆ ಸೊಸೆ ಇಬ್ಬರೂ ಹಿತ್ತಲಲ್ಲಿ ಹಾಜರು. ಅತ್ತೆ ತಪ್ಪಿ ಕೂಡ ಕೈ ಹೋಗಬಾರದೆಂದು ಎರಡೂ ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡು ಕೂತರು. ನಾನು ಊದಿನಕಡ್ಡಿ ಹಚ್ಚಿದ ಹಾಗೆ ಚುಟ್ಟಾದ ತುದಿಗೆ ಬೆಂಕಿ ಹಿಡಿದು, ಅದು ಹೊತ್ತಿಕೊಂಡ ಮೇಲೆ ಬಾಯಿಗಿಟ್ಟು, ಎಳೆನೀರು ಹೀರಿದಂತೆ ಜೋರಾಗಿ ಎಳೆದೆ. ಎದೆಯೊಳಗೆ ಯಾರೋ ಮೆಣಸಿನಪುಡಿ ಎರಚಿದ ಹಾಗಾಯಿತು. ಕೆಮ್ಮು, ಕಣ್ಣೀರು, ಮೂಗಲ್ಲಿ ನೀರು. ಬೇವಿನ ಮರ ಒಂದು ಸುತ್ತು ತಿರುಗಿ ಬಂತು. ಮಧ್ಯಾಹ್ನ ಉಂಡ ಮುದ್ದೆ, ಬಸ್ಸಾರು ಅದರ ಬುಡಕ್ಕೆ ಹೋಯಿತು.

"ಅಯ್ಯೋ ನಿನ್ನ ಹಾಳಾಗ, ಹಾಲು ಕುಡಿದಂಗೆ ನುಂಗ್ತೀಯಲ್ಲೇ" ಅಂದರು ಅತ್ತೆ. ಎಷ್ಟೋ ದಿನದ ಮೇಲೆ ಅವರ ಬಾಯಿಂದ ಬಂದ ಬೈಗುಳ ಅದು. ವಾಂತಿ ಮಾಡುತ್ತಲೇ ಖುಷಿಪಟ್ಟೆ.

ಪಾಠ ಮುಂದುವರಿಯಿತು. ಚುಟ್ಟಾದ ಹೊಗೆ ಗಂಟಲು ದಾಟಬಾರದು. ಬಾಯಲ್ಲಿ ತುಂಬಿಕೊಳ್ಳಬೇಕು, ನಾಲಿಗೆಯ ಮೇಲೆ ತುಸು ಆಡಿಸಬೇಕು, ಬಿಡಬೇಕು. ಹಚ್ಚುವ ಮೊದಲು ಬಾಯಿಗಿಡುವ ತುದಿಯನ್ನು ಎಂಜಲು ಮಾಡಿಕೊಳ್ಳಬೇಕು, ಇಲ್ಲವೆಂದರೆ ಎಲೆ ಬಿಚ್ಚಿಕೊಳ್ಳುತ್ತದೆ. ಹಚ್ಚುವಾಗ ನಿಧಾನಕ್ಕೆ ತಿರುಗಿಸುತ್ತ ಇರಬೇಕು. ಮುಖ್ಯವಾಗಿ ಆತುರ ಕೂಡದು. ನನಗೋ ಹುಟ್ಟಿದ್ದೇ ಆತುರದಲ್ಲಿ. ಒಂದು ಭಾನುವಾರ ಎಂಜಲು ಜಾಸ್ತಿಯಾಗಿ ಚುಟ್ಟಾ ಹತ್ತಲೇ ಇಲ್ಲ. ಇನ್ನೊಂದು ಭಾನುವಾರ ಒಂದು ಮಗ್ಗುಲು ಉರಿದು ಇನ್ನೊಂದು ಮಗ್ಗುಲು ಹಸಿಯಾಗೇ ಉಳಿಯಿತು.

"ಇದು ಸೇದಾದಲ್ಲ, ಸೊಳ್ಳೆಗೆ ಹೊಗೆ ಹಾಕಾದು. ಎಲೆ ಸುಟ್ಟ ನಾತ. ಸರಿಯಾಗಿ ಸೇದಿದ್ರೆ ಘಮ್ಮಂತೈತೆ ಕಣೆ, ಬೆಲ್ಲದ ಪಾಕ ಬಂದಂಗೆ. ಈ ನಾತಕ್ಕೋಸ್ಕರ ನಾನಿಲ್ಲಿ ಇರಬೇಕಾ?"

ಹಾಗೆ ಬೈಯುತ್ತ ಬೈಯುತ್ತ ಮಾತೇನೋ ತಿರುಗಿ ಬಂದಿತ್ತು. ಆದರೆ ಊರಿಗೆ ಹೋಗುವ ಮಾತನ್ನು ಮಾತ್ರ ಬಿಟ್ಟಿರಲಿಲ್ಲ. ಬೇವಿನ ಮರ ಹೂ ಬಿಟ್ಟಿತು. ಯುಗಾದಿ ಇನ್ನೇನು ಬಂತು ಅನ್ನುವ ಭಾನುವಾರ ನಾನು ಕಡೆಯ ಸಲ ಪರೀಕ್ಷೆಗೆ ಕೂತವಳಂತೆ ಚುಟ್ಟಾ ಹಚ್ಚಿದೆ. ಒಂದು ಸಲ ಎಳೆದಿದ್ದೆ, ಅಷ್ಟರಲ್ಲಿ ನಡುಮನೆಯಲ್ಲಿ ಹೆಜ್ಜೆ ಸಪ್ಪಳ. ಯಜಮಾನರು ಮೊಬೈಲು ಮರೆತು, ಬೈಕನ್ನು ತಿರುವಿನಲ್ಲೇ ನಿಲ್ಲಿಸಿ ನಡೆದು ವಾಪಸು ಬಂದಿದ್ದರು. ನಾನು ಗಾಬರಿಯಲ್ಲಿ ಚುಟ್ಟಾವನ್ನು ನಮ್ಮಿಬ್ಬರ ನಡುವಿನ ಕಲ್ಲಿನ ಮೇಲಿಟ್ಟುಬಿಟ್ಟೆ. ಇಟ್ಟದ್ದು ಅತ್ತೆಯ ಕಡೆಗೇ ತುಸು ಹತ್ತಿರವಾಯಿತು.

ಅವರು ಬಾಗಿಲಲ್ಲಿ ನಿಂತರು. ಹೊಗೆ ಏಳುತ್ತಿದ್ದ ಚುಟ್ಟಾ ನೋಡಿದರು, ಅವ್ವನನ್ನು ನೋಡಿದರು. ಕೂಗಾಡಿದ್ದರೆ ಚೆನ್ನಾಗಿತ್ತು. ಸುಮ್ಮನೆ ತಮ್ಮ ಕೈಯಿಂದ ತಮ್ಮ ತಲೆ ಮುಟ್ಟಿಕೊಂಡರು.

"ಇದರ ಮೇಲೆ ಕೈ ಇಟ್ಟಿದ್ಯಲ್ಲ ಅವ್ವ."

"ನಾನು ಬಾಯಿಗಿಟ್ಟಿಲ್ಲ ಕಣಪ್ಪ."

"ಮತ್ತೆ ಯಾರು ಸೇದಿದ್ದು? ಬೇವಿನ ಮರನಾ?"

"ನಾನು ರೀ" ಅಂದೆ.

ಅವರು ನನ್ನ ಕಡೆ ಸರಿಯಾಗಿ ನೋಡಲೂ ಇಲ್ಲ. "ನೀನು ಒಗ್ಗರಣೆ ಹೊಗೆಗೇ ಕೆಮ್ಮೋಳು. ಅವ್ವನ್ನ ಉಳಿಸಾಕೆ ಸುಳ್ಳು ಹೇಳಬ್ಯಾಡ."

ಅತ್ತೆ ಎದ್ದು ನಿಂತರು. ಮುಖ ಸಣ್ಣಗಾಗಿತ್ತು. "ಮಗನ ತಲೆ ಮೇಲಿನ ಆಣೆ ಮುರೀತೀನಿ ಅಂತ ತಿಳ್ಕೊಂಡಿದ್ದೀಯಲ್ಲ ನೀನು. ಯುಗಾದಿನೂ ಬ್ಯಾಡ, ಏನೂ ಬ್ಯಾಡ. ನಾಳೆನೇ ಹೋಗ್ತೀನಿ."

ನನಗೆ ಕೆಂಡದಂಥ ಸಿಟ್ಟು ಬಂತು. ಗಂಡನ ಮುಂದೆ, ಅತ್ತೆಯ ಮುಂದೆ ಅನ್ನುವ ಲೆಕ್ಕವೆಲ್ಲ ಹಾರಿಹೋಯಿತು. ಚುಟ್ಟಾ ಎತ್ತಿಕೊಂಡೆ. ಅಷ್ಟರಲ್ಲಿ ಅದು ಆರಿಹೋಗಿತ್ತು. ಕಡ್ಡಿ ಗೀರಿ, ತುದಿಯನ್ನು ನಿಧಾನಕ್ಕೆ ತಿರುಗಿಸುತ್ತ ಮತ್ತೆ ಹಚ್ಚಿದೆ. ಸುತ್ತಲೂ ಒಂದೇ ಸಮ ಕೆಂಪಾಯಿತು. ಬಾಯಿಗಿಟ್ಟು, ತುಸುವೇ ಎಳೆದು, ಬಾಯಲ್ಲೇ ಇಟ್ಟುಕೊಂಡೆ. ಕೆಮ್ಮು ಬಂದರೆ ಅತ್ತೆ ಹೋಗುತ್ತಾರೆ, ಅದೊಂದೇ ತಲೆಯಲ್ಲಿದ್ದದ್ದು. ಕೆಮ್ಮು ಬರಲಿಲ್ಲ. ನಾಲಿಗೆಗೆ ಮೊದಲು ಕಹಿ, ಆಮೇಲೆ ಸಣ್ಣಗೆ ಸಿಹಿ. ತುಟಿ ತೆರೆದೆ. ಹೊಗೆ ದುಂಡಗೆ ಹೊರಬಂದು, ಯಜಮಾನರ ಮೀಸೆಯ ಮುಂದೆಯೇ ಹಾದು, ಅತ್ತೆಯ ಕಡೆ ಹೋಯಿತು. ಹಿತ್ತಲು ಘಮ್ಮೆಂದಿತು.

ಯಜಮಾನರು ಬಾಯಿ ತೆರೆದವರು ಮುಚ್ಚಲಿಲ್ಲ. "ಯಾವಾಗ ಕಲ್ತೆ ಇದನ್ನ?" ಅಂದರು. ನಾನು ಉತ್ತರ ಕೊಡುವ ಬದಲು ಇನ್ನೊಂದು ಸಲ ಎಳೆದೆ. ಅದು ಯಾರಿಗೂ ತೋರಿಸಲಿಕ್ಕಲ್ಲ. ಬೇಕೆನಿಸಿತು, ಎಳೆದೆ. ಕಣ್ಣು ತಾನಾಗಿಯೇ ಅರ್ಧ ಮುಚ್ಚಿಕೊಂಡಿತು.

"ತಪ್ಪಾತು ಕಣವ್ವ" ಅಂದರು ಮಗ. ಅತ್ತೆಗೆ ಅದು ಕೇಳಿಸಿದಂತೆ ಕಾಣಲಿಲ್ಲ. ಅವರು ನನ್ನ ಮುಖವನ್ನೇ ನೋಡುತ್ತಿದ್ದರು. ಸೆರಗಿನಿಂದ ಕೈ ಬಿಡಿಸಿಕೊಂಡು, ನನ್ನ ತುಟಿಯಿಂದ ಚುಟ್ಟಾ ಕಿತ್ತು, ಕಲ್ಲಿಗೆ ಒತ್ತಿ ಆರಿಸಿದರು.

"ಸಾಕು."

"ಇನ್ನೂ ಅರ್ಧ ಐತಲ್ಲತ್ತೆ" ಅಂದುಬಿಟ್ಟೆ.

ಅತ್ತೆಯ ಬಣ್ಣವೇ ಇಳಿದುಹೋಯಿತು. ಪೇಪರಿನ ಕಟ್ಟು ಬಿಚ್ಚಿ, ಉಳಿದ ಚುಟ್ಟಾಗಳನ್ನೆಲ್ಲ ಒಂದೊಂದಾಗಿ ಮುರಿದು ಬಚ್ಚಲ ನೀರಿಗೆ ಹಾಕಿದರು. "ನಮ್ಮತ್ತೆ ನಂಗೆ ಅಂಟಿಸಿ ಸತ್ತಳು. ನಾನು ನಿಂಗೆ ಅಂಟಿಸಿ ಸಾಯ್ಲಾ?" ಅಂದವರೇ ನನ್ನ ಗದ್ದ ಹಿಡಿದು ಬಿಸಿಲಿಗೆ ತಿರುಗಿಸಿದರು. "ಬಾಯಿ ತೆಗಿ." ಡಾಕ್ಟರು ಮಾಡಿದ ಹಾಗೆಯೇ ಬೆರಳಿನಿಂದ ಕೆನ್ನೆ ಎಳೆದು, ಒಂದು ಮಗ್ಗುಲು ನೋಡಿದರು, ಇನ್ನೊಂದು ಮಗ್ಗುಲು ನೋಡಿದರು.

ಯಜಮಾನರು ಮೆಲ್ಲಗೆ, "ಇವಳ ಹತ್ರನೂ ಒಂದು ಆಣೆ ಹಾಕಿಸ್ಕೊಂಡುಬಿಡವ್ವ" ಅಂದರು.

"ಇವಳು ಓದಿದೋಳು, ಇವಳಿಗೆಲ್ಲಿ ತಾಗ್ತೈತೆ ಆಣೆ. ಇವಳಿಗೆ ಕಾವಲೇ ಬೇಕು. ನಾನು ಊರಿಗೆ ಹೋದ್ರೆ ಇವಳನ್ನ ಕಾಯೋರ್ಯಾರು, ನೀನಾ? ಮೊಬೈಲು ಮರೆಯೋನು."

ಯುಗಾದಿ ಮುಗಿಯಿತು, ಅತ್ತೆ ಹೋಗಲಿಲ್ಲ. ಚುಟ್ಟಾದ ವಾಸನೆಯ ಮಾತೂ ಎತ್ತಲಿಲ್ಲ. ದಿನಾ ಸಂಜೆ ನಾನು ಬಸ್ಸಿಳಿದು ಬಂದರೆ ಬಾಗಿಲಲ್ಲೇ ನಿಲ್ಲಿಸಿ ಬಾಯಿ ಮೂಸುತ್ತಾರೆ, ಕಾಫಿ ಕೊಡುವುದು ಆಮೇಲೆ. ಮಾತು ಮೊದಲಿಗಿಂತ ಜಾಸ್ತಿಯಾಗಿದೆ, ಮುಕ್ಕಾಲು ಪಾಲು ನನ್ನನ್ನು ಬೈಯುವುದೇ. ನಾನು ಅವತ್ತಿನಿಂದ ಒಂದೂ ಸೇದಿಲ್ಲ, ಸೇದಬೇಕೆಂದೂ ಅನಿಸಿಲ್ಲ. ಆದರೆ ಅದನ್ನು ಅತ್ತೆಗೆ ಗಟ್ಟಿಯಾಗಿ ಹೇಳುವ ಧೈರ್ಯ ನನಗಿಲ್ಲ. ಇನ್ನು ಕಾವಲು ಬೇಡವೆಂದು ಹೊರಟುಬಿಟ್ಟರೆ? ಆಗೀಗ ಒಬ್ಬಳೇ ಹಿತ್ತಲಿಗೆ ಹೋಗಿ ಸದ್ದಿಲ್ಲದೆ ಕೂರುತ್ತೇನೆ. "ಏನೇ ಮಾಡ್ತಿದ್ದೀಯಾ ಅಲ್ಲಿ?" ಎಂದು ಒಳಗಿನಿಂದ ಕೂಗುತ್ತಾರೆ. ಅವರು ಎದ್ದು ಬಂದು ನೋಡುವವರೆಗೂ ನಾನು ಉತ್ತರ ಕೊಡುವುದಿಲ್ಲ.